ಏಳು ಬ್ಯಾಂಡು, ಒಂದು ಅನಾನಸ್

ನನಗೆ ಬ್ಯಾಂಡ್ ಅಂದರೆ ಗಣಪತಿ ಬಿಡುವ ದಿನ ಬರುವ ಬ್ಯಾಂಡ್‌ಸೆಟ್. ಇಲ್ಲವೇ ಮದುವೆ ದಿಬ್ಬಣದ ಮುಂದೆ ಕೆಂಪು ಕೋಟು ತೊಟ್ಟು ಊದಿಕೊಂಡು ಹೋಗುವವರು. ಗಿಟಾರು, ಡ್ರಮ್ಸು, ಕೀಬೋರ್ಡು ಇಟ್ಟುಕೊಂಡು ನಿಂತಲ್ಲೇ ನಿಂತು ಹಾಡುವವರೂ ಬ್ಯಾಂಡೇ ಅಂತ ತಿಳಿಸಿಕೊಟ್ಟಿದ್ದು ನನ್ನ ಅಕ್ಕನ ಮಗ. ಬೆಂಗಳೂರಲ್ಲಿ ಕೆಲಸ. ಶನಿವಾರ ಭಾನುವಾರ ಇಂಥದ್ದನ್ನೇ ಕೇಳಿಕೊಂಡು ಓಡಾಡುತ್ತಾನೆ. ಹೋದ ಚಳಿಗಾಲ ಶಿವಮೊಗ್ಗದಲ್ಲೇ ಎರಡು ದಿನದ ಸಂಗೀತೋತ್ಸವ, ದಿನಕ್ಕೆ ಏಳು ಲೈವ್ ಬ್ಯಾಂಡ್ ಅಂತ ಸುದ್ದಿ ಬಂದಾಗ ರಾತ್ರಿ ರೈಲು ಹತ್ತಿ ಬಂದೇಬಿಟ್ಟ. "ಮಾಮ, ನೀನೂ ಬಾ. ಒಂದು ದಿನ ಪೂರ್ತಿ ಬರೀ ಮ್ಯೂಸಿಕ್" ಅಂದ.

ದಾರಿಯಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ನಲವತ್ತೊಂದು ಮುಖ. ಎಲ್ಲರದ್ದೂ ಕೈಮುಗಿದ ಫೋಟೋ. ಬ್ಯಾಂಡುಗಳ ಹೆಸರು ಎಲ್ಲಿದೆ ಅಂತ ಹುಡುಕಿದೆವು. ಕೆಳಗಡೆ, ಮಾತ್ರೆ ಪಟ್ಟಿಯ ಹಿಂದೆ ಎಕ್ಸ್‌ಪೈರಿ ಡೇಟ್ ಹಾಕಿರುತ್ತಾರಲ್ಲ, ಅಷ್ಟು ದಪ್ಪದ ಅಕ್ಷರದಲ್ಲಿತ್ತು. ಅಷ್ಟರಲ್ಲೂ ಒಂದು ಬ್ಯಾಂಡಿನ ಹೆಸರಿನ ಮೇಲೆ ಫ್ಲೆಕ್ಸ್ ಕಟ್ಟಿದ ದಾರ ಹಾದುಹೋಗಿತ್ತು. ಆಗಲೇ ನನಗೆ ಅರ್ಥವಾಗಬೇಕಿತ್ತು.

ನಾವು ಹೋದಾಗ ಬೆಳಗ್ಗೆ ಒಂಬತ್ತೂವರೆ. ಇಬ್ಬನಿ ಇನ್ನೂ ಪೂರ್ತಿ ಹರಿದಿರಲಿಲ್ಲ. ಶಾಮಿಯಾನದ ಹುಡುಗರು ಕುರ್ಚಿ ಇಳಿಸುತ್ತಿದ್ದರು. ವೇದಿಕೆ ಮೇಲೆ ಒಬ್ಬ ಹುಡುಗ ಡ್ರಮ್ಸ್ ಮುಂದೆ ಕೂತು ಒಂದೇ ಡ್ರಮ್ಮನ್ನು ಧಬ್, ಧಬ್, ಧಬ್ ಅಂತ ಹೊಡೆಯುತ್ತಿದ್ದ. ಐದು ನಿಮಿಷವಾದರೂ ಅದೇ. ಪಾಪ, ಇವನಿಗೆ ಇಷ್ಟೇ ಬರುತ್ತೇನೋ ಅಂದುಕೊಂಡೆ. ನಮ್ಮ ಹುಡುಗ ತಿದ್ದಿದ. ಡ್ರಮ್ಸ್ ಸೆಟ್ಟಿನಲ್ಲಿ ಒಂದೊಂದು ಡ್ರಮ್ಮಿಗೂ ಬೇರೆ ಬೇರೆ ಮೈಕು ಇರುತ್ತದಂತೆ. ಒಂದೊಂದನ್ನೇ ಬಾರಿಸಿ, ಮಿಕ್ಸರ್ ಹತ್ತಿರ ಇರುವವನು ಅದರ ಸದ್ದನ್ನು ಹದಕ್ಕೆ ತರಬೇಕು. ಆಮೇಲೆ ಬೇಸ್ ಗಿಟಾರು, ಆಮೇಲೆ ಮಿಕ್ಕ ಗಿಟಾರು, ಕೊನೆಗೆ ದನಿ. ಸಾರಿಗೆ ಉಪ್ಪು, ಹುಳಿ, ಖಾರ ಬೇರೆ ಬೇರೆ ನೋಡಿದ ಹಾಗೆ.

ಎಲ್ಲ ಹದಕ್ಕೆ ಬಂದಮೇಲೆ ಅವರು ಒಂದು ಹಾಡು ಪೂರ್ತಿ ನುಡಿಸಿದರು. ಎರಡನೇ ಸಾಲಿಗೆ ನನಗೆ ಗುರುತು ಸಿಕ್ಕಿತು. ನಮ್ಮ ಕಾಲದ ಭಾವಗೀತೆ! ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ಶಿವಮೊಗ್ಗ ಸುಬ್ಬಣ್ಣ ಹಾಡುತ್ತಿದ್ದದ್ದು. ಈ ಹುಡುಗರು ಅದನ್ನು ನಿಧಾನ ಮಾಡಿ, ಗಿಟಾರಿನ ಒಂದೊಂದೇ ತಂತಿ ಮೀಟುತ್ತಾ, ಮಧ್ಯೆ ಮಧ್ಯೆ ಸುಮ್ನೆ ಜಾಗ ಬಿಡುತ್ತಾ ಹಾಡಿದರು. ಸುಬ್ಬಣ್ಣ ಹೊಸನಗರ ತಾಲ್ಲೂಕಿನ ನಗರದವರು. ವಕೀಲಿಕೆ ಮಾಡಿಕೊಂಡೇ ಹಾಡಿದವರು. ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗ. 2022ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡ ದಿನ ನಮ್ಮ ಬೀದಿಯ ಮೂರು ಮನೆಗಳಲ್ಲಿ ಅವರದ್ದೇ ಹಾಡು ಹಾಕಿಕೊಂಡಿದ್ದರು. ಆ ದಿನ ಮತ್ತೆ ನೆನಪಾಯಿತು. ಗೇಟಿನ ಹತ್ತಿರ ಹಾರ ಕಟ್ಟುತ್ತಿದ್ದ ಹೆಂಗಸು ಕಟ್ಟುವುದು ನಿಲ್ಲಿಸಿ ಕೇಳುತ್ತಿದ್ದರು.

ಮಿಕ್ಸರ್ ಹುಡುಗ "ಓಕೆ ಅಣ್ಣ, ಸಾಕು" ಅಂದ. ನಾನು ನಮ್ಮ ಹುಡುಗನಿಗೆ, "ಇದು ಬರೀ ಚೆಕ್ಕಿಂಗ್ ತಾನೇ? ಕಾರ್ಯಕ್ರಮ ಇನ್ನೂ ಶುರುವಾಗಿಲ್ಲ. ಬಾ, ದೋಸೆ ತಿಂದು ಬರೋಣ" ಅಂದೆ. ಆ ದಿನದ ನನ್ನ ದೊಡ್ಡ ತಪ್ಪು ಅದು. ನಾವು ದುರ್ಗಿಗುಡಿಯಲ್ಲಿ ಕಾಫಿ ಮುಗಿಸಿ ವಾಪಸ್ ಬರುವಷ್ಟರಲ್ಲಿ ಕಾರ್ಯಕ್ರಮ ಶುರುವಾಗಿತ್ತು. ಅಂದರೆ, ಸಂಗೀತ ಮುಗಿದಿತ್ತು.

ವೇದಿಕೆಗೆ ಕುರ್ಚಿ ಬಂದಿದ್ದವು. ಹತ್ತೊಂಬತ್ತು ಕುರ್ಚಿ, ಮೇಲೆ ಬಿಳಿ ಬಟ್ಟೆ. ಡ್ರಮ್ಸ್ ಸೆಟ್ಟನ್ನು ಮೂಲೆಗೆ ತಳ್ಳಿದ್ದರು. ಹನ್ನೊಂದಕ್ಕೆ ಉದ್ಘಾಟನೆ. ಆದರೆ ಉದ್ಘಾಟಕರು ಸಾಗರದ ಕಡೆಯಿಂದ ಬರಬೇಕಿತ್ತು. "ಗಣ್ಯರು ಆಯನೂರು ತಲುಪಿದ್ದಾರೆ, ಇನ್ನೇನು ಬಂದೇಬಿಟ್ಟರು" ಅಂತ ನಿರೂಪಕರು ಹನ್ನೊಂದೂವರೆಗೆ ಹೇಳಿದರು. ಹನ್ನೆರಡಕ್ಕೂ ಆಯನೂರೇ. ಹನ್ನೆರಡೂವರೆಗೂ ಆಯನೂರೇ. ಅಲ್ಲಿಂದ ಶಿವಮೊಗ್ಗಕ್ಕೆ ಅರ್ಧ ಗಂಟೆ ದಾರಿ. ನಡೆದುಕೊಂಡು ಬಂದರೂ ಶಿವಮೊಗ್ಗ ದಾಟಿ ಆಚೆಯ ಹೊಳೆಹೊನ್ನೂರು ಕಡೆ ಹೋಗಿರಬೇಕಿತ್ತು ಅಂತ ಪಕ್ಕದ ಕುರ್ಚಿಯವರು ಹಲ್ಲು ಕಡಿದರು.

ಈ ಹೊತ್ತಿನಲ್ಲಿ ನಿಜವಾಗಿ ಬಾರಿಸಿದವರು ಅಂದರೆ ಗೇಟಿನಲ್ಲಿ ನಿಂತಿದ್ದ ಡೊಳ್ಳಿನ ಹುಡುಗಿಯರು. ಒಂದೊಂದು ಕಾರು ಬಂದಾಗಲೂ ಸೊಂಟಕ್ಕೆ ಡೊಳ್ಳು ಏರಿಸಿ, ಕುಣಿದು, ಕಾರಿಳಿದವರನ್ನು ವೇದಿಕೆ ತನಕ ಬಿಟ್ಟು ಬರಬೇಕು. ಬಂದು ನೀರು ಕುಡಿಯುವಷ್ಟರಲ್ಲಿ ಇನ್ನೊಂದು ಕಾರು. ಒಮ್ಮೆಯಂತೂ ಊಟ ತಂದ ಗಾಡಿಯನ್ನೇ ಗಣ್ಯರ ಕಾರು ಅಂದುಕೊಂಡು ಸಾಂಬಾರು ಪಾತ್ರೆಗೆ ಡೊಳ್ಳಿನ ಸ್ವಾಗತ ಸಿಕ್ಕಿತು. ಸಾಂಬಾರು ಭಾಷಣ ಮಾಡಲಿಲ್ಲ, ಅದಕ್ಕೆ ಜನ ಜಾಸ್ತಿ ಚಪ್ಪಾಳೆ ಹೊಡೆದರು. ಹನ್ನೊಂದು ಸಲ ಬಾರಿಸಿದರು ಆ ಹುಡುಗಿಯರು. ಫ್ಲೆಕ್ಸಿನಲ್ಲಿ ಅವರ ಹೆಸರು ಸಣ್ಣ ಅಕ್ಷರದಲ್ಲೂ ಇರಲಿಲ್ಲ.

ಅಂತೂ ದೀಪ ಹಚ್ಚಿದರು. ಗಾಳಿಗೆ ಆರಿತು. ಮತ್ತೆ ಹಚ್ಚಿದರು. ಆಮೇಲೆ ನಾಡಗೀತೆ. ಇದೊಂದು ಮಾತ್ರ ಟೈಮಿಗೆ ಸರಿಯಾಗಿ ಮುಗಿಯಿತು. ಯಾಕೆಂದರೆ ಅದಕ್ಕೆ ಸರ್ಕಾರಿ ಅಳತೆ ಇದೆ. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕು ಅಂತ 2022ರಲ್ಲಿ ತೀರ್ಮಾನವಾಯಿತು. ಆಲಾಪ ಬೇಡ, ಸಾಲು ಮತ್ತೆ ಮತ್ತೆ ಹೇಳುವುದು ಬೇಡ. ಕುಪ್ಪಳಿಯ ಕುವೆಂಪು ಬರೆದ ಪದ್ಯಕ್ಕೆ ಎರಡೂವರೆ ನಿಮಿಷದ ಬೇಲಿ ಹಾಕಿದವರಿಗೆ ಅದರ ಹಿಂದೆಯೇ ಬರುವ ಸ್ವಾಗತ ಭಾಷಣ ಕಣ್ಣಿಗೆ ಬೀಳಲಿಲ್ಲ ನೋಡಿ. ಆಲಾಪವೂ ಅಲ್ಲೇ ಇರುವುದು. ಮತ್ತೆ ಮತ್ತೆ ಹೇಳುವುದೂ ಅಲ್ಲೇ.

ನಮ್ಮ ಹುಡುಗ ಬೇಜಾರಿಗೆ ಲೆಕ್ಕ ಹಾಕಲು ಕೂತ. ಕುರ್ಚಿ ಮೇಲೆ ಹತ್ತೊಂಬತ್ತು ಜನ. ಮಾತಾಡಿದವರು ಒಂಬತ್ತು. ಒಬ್ಬೊಬ್ಬರೂ ಶುರುವಿಗೆ ಹತ್ತೊಂಬತ್ತು ಹೆಸರನ್ನೂ ಹೇಳಲೇಬೇಕು, ಬಿಟ್ಟರೆ ಅವರಿಗೆ ಸಿಟ್ಟು. ಒಟ್ಟು ನೂರ ಎಪ್ಪತ್ತೊಂದು ಹೆಸರು. ಒಂದೊಂದಕ್ಕೆ ಮಾನ್ಯ, ಸನ್ಮಾನ್ಯ, ಜನಪ್ರಿಯ, ಕೊಡುಗೈ ದಾನಿ ಎಲ್ಲ ಸೇರಿ ಏಳು ಸೆಕೆಂಡು. "ಮಾಮ, ಬರೀ ಹೆಸರು ಕೂಗೋಕೇ ಇಪ್ಪತ್ತು ನಿಮಿಷ. ಅಷ್ಟರಲ್ಲಿ ನಾಡಗೀತೆ ಎಂಟು ಸಲ ಆಗ್ತಿತ್ತು" ಅಂದ.

ಭಾಷಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಗೀತಕ್ಕೆ ಮಾತು ಬೇಕಿಲ್ಲ ಅನ್ನುವುದನ್ನು ಒಬ್ಬರು ಇಪ್ಪತ್ತೆರಡು ನಿಮಿಷ ಮಾತಾಡಿ ತಿಳಿಸಿದರು. ಇನ್ನೊಬ್ಬರು ಮೈಕಿನ ತಲೆಯನ್ನೇ ಮುಷ್ಟಿಯಲ್ಲಿ ಮುಚ್ಚಿ ಹಿಡಿದಿದ್ದರು. ಹಾಗೆ ಹಿಡಿದರೆ ಮೈಕು ಎದುರಿನ ಬಾಯಿಯ ಜೊತೆಗೆ ಸ್ಪೀಕರಿನ ಸದ್ದನ್ನೂ ಎಳೆದುಕೊಳ್ಳುತ್ತದೆ. ಆ ಸದ್ದು ಮತ್ತೆ ಸ್ಪೀಕರಿಗೆ ಹೋಗುತ್ತದೆ, ಮತ್ತೆ ಮೈಕಿಗೆ ಬರುತ್ತದೆ. ಕುಂಯ್ಯ್ಯ್ ಅಂತ ಕಿವಿ ಕಚ್ಚಿತು. ಮಿಕ್ಸರ್ ಹುಡುಗ ತಡೆಯಲಾರದೆ ಕೂಗಿದ: "ತಲೆ ಹಿಡೀಬೇಡಿ ಸಾರ್, ಕತ್ತು ಹಿಡೀರಿ!" ಸಂಘಟಕರು ಓಡಿಬಂದು ಅವನನ್ನು ಗದರಿದರು. ಅವನು ಮೈಕಿನ ಕತ್ತು ಅಂದಿದ್ದ. ನಾವೆಲ್ಲ ಬೇರೆ ಕತ್ತು ನೆನೆಸಿಕೊಂಡು ಆಗಲೇ ನಗುತ್ತಿದ್ದೆವು.

ಆಮೇಲೆ ಸನ್ಮಾನ. ಶಾಲು, ಹಾರ, ಮೈಸೂರು ಪೇಟ, ನೆನಪಿನ ಕಾಣಿಕೆ, ಹಣ್ಣಿನ ಬುಟ್ಟಿ. ಪೇಟ ಹಾಕುವಾಗ ಕನ್ನಡಕ ಬೀಳುತ್ತದೆ, ಎತ್ತಿಕೊಡಬೇಕು. ಫೋಟೋಗ್ರಾಫರ್ "ಸಾರ್ ಇಲ್ಲಿ, ಇನ್ನೊಂದ್ಸಲ" ಅನ್ನುತ್ತಾನೆ. ಮತ್ತೆ ಶಾಲು ತೆಗೆದು ಮತ್ತೆ ಹೊದಿಸಬೇಕು.

ಮೂರನೇ ಸನ್ಮಾನದ ಹೊತ್ತಿಗೆ ನನಗೆ ಅನುಮಾನ ಬಂತು. ಬುಟ್ಟಿಯ ನೆತ್ತಿಯ ಮೇಲೆ ಒಂದು ಅನಾನಸ್ ಇತ್ತು. ಅದರ ಜುಟ್ಟಿನ ಒಂದು ಎಲೆ ಮುರಿದು ಬಲಕ್ಕೆ ಜೋತುಬಿದ್ದಿತ್ತು. ಮೊದಲನೇ ಬುಟ್ಟಿಯ ಅನಾನಸ್‌ಗೂ ಹಾಗೇ ಇತ್ತಲ್ಲ? ಕಣ್ಣಿಟ್ಟು ನೋಡಿದೆ. ಸನ್ಮಾನ ಆದವರು ಎಡಗಡೆ ಮೆಟ್ಟಿಲಿಳಿಯುತ್ತಾರೆ. ಕೆಳಗೆ ಸ್ವಯಂಸೇವಕ ಹುಡುಗನೊಬ್ಬ "ಕೊಡಿ ಸಾರ್, ಕಾರಿಗೆ ಇಡ್ತೀನಿ" ಅಂತ ಬುಟ್ಟಿ ಇಸಿದುಕೊಳ್ಳುತ್ತಾನೆ. ಪರದೆ ಹಿಂದೆ ಮಾಯವಾಗುತ್ತಾನೆ. ಎರಡು ನಿಮಿಷಕ್ಕೆ ಅದೇ ಅನಾನಸ್ ಬಲಗಡೆಯಿಂದ ವೇದಿಕೆಗೆ ಬರುತ್ತದೆ. ಸಂಜೆಯೊಳಗೆ ಆ ಅನಾನಸ್ ಹದಿನೇಳು ಜನರನ್ನು ಗೌರವಿಸಿತು. ಏಳೂ ಬ್ಯಾಂಡು ಸೇರಿ ವೇದಿಕೆ ಮೇಲೆ ಇದ್ದದ್ದಕ್ಕಿಂತ ಅದೊಂದೇ ಹಣ್ಣು ಜಾಸ್ತಿ ಹೊತ್ತು ಇತ್ತು.

ವಾದ್ಯಗಳೂ ಸುಮ್ನೆ ಕೂತಿರಲಿಲ್ಲ. ಡ್ರಮ್ಸಿನ ತಾಳದ ಸ್ಟ್ಯಾಂಡಿಗೆ ಯಾರೋ ಶಾಲು ನೇತುಹಾಕಿದರು. ಗಿಟಾರಿನ ಪೆಟ್ಟಿಗೆ ಮೇಲೆ ನೀರಿನ ಬಾಟಲಿಗಳು. ಕೀಬೋರ್ಡಿನ ಮೇಲೆ ಬಟ್ಟೆ ಹೊದಿಸಿದ್ದರಿಂದ ಅದು ಟೇಬಲ್ ಅಂದುಕೊಂಡು ಒಬ್ಬರು ಬುಟ್ಟಿಯನ್ನು ದಪ್ಪನೆ ಇಟ್ಟರು. ಅದು ಆನ್ ಇತ್ತು. ಭೋಂಂಂ ಅಂತ ಇಡೀ ಮೈದಾನ ತುಂಬಿಕೊಂಡಿತು. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಉತ್ಸವ ಶುರುವಾಗಿ ಮೂರೂವರೆ ಗಂಟೆಗೆ ಬ್ಯಾಂಡಿನ ವಾದ್ಯದಿಂದ ನಾವು ಕೇಳಿದ ಮೊದಲ ಸ್ವರ. ನುಡಿಸಿದ್ದು ಅನಾನಸ್.

ಬ್ಯಾಂಡುಗಳು ಬರಲೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಗಣ್ಯರು ಊಟಕ್ಕೆ ಹೋದಾಗ ಒಂದು ಬ್ಯಾಂಡಿಗೆ ಇಪ್ಪತ್ತು ನಿಮಿಷ ಸಿಕ್ಕಿತು. ಎರಡನೆಯದು ಹಾಡಿನ ನಡುವೆ ಇದ್ದಾಗ ಇನ್ನೊಂದು ಕಾರು ಬಂತು. ನಿರೂಪಕರು ಹಾಡುತ್ತಿದ್ದವನ ಕೈಯಿಂದಲೇ ಮೈಕು ತೆಗೆದುಕೊಂಡು ಸ್ವಾಗತ ಕೋರಿದರು. ಡೊಳ್ಳು, ಗಿಟಾರು ಎರಡೂ ಒಟ್ಟಿಗೆ ನಡೆದವು. ಹೇಳಬೇಕೆಂದರೆ ಆ ಅರ್ಧ ನಿಮಿಷ ಚೆನ್ನಾಗಿತ್ತು. ಮಿಕ್ಕವರಿಗೆ "ಒಂದೇ ಒಂದು ಹಾಡು, ಚಿಕ್ಕದಾಗಿ" ಅಂತ ಹೇಳಿ ಕಳಿಸಿದರು.

ನನ್ನ ಅಜ್ಜ ಗದ್ದೆಬಯಲಿನಲ್ಲಿ ಕಂಬಳಿ ಹೊದ್ದು ಕೂತು ಬೆಳತನಕ ಆಟ ನೋಡಿದವರು. ಈಗ ಯಕ್ಷಗಾನವೂ ಕಾಲಮಿತಿಗೆ ಬಂದಿದೆ. ರಾಮ, ರಾವಣ, ಕೃಷ್ಣ, ಕೌರವ ಎಲ್ಲರೂ ಮೂರು ನಾಲ್ಕು ಗಂಟೆಯೊಳಗೆ ಹೊಂದಿಕೊಂಡು ಹೋಗುತ್ತಿದ್ದಾರೆ. ಜನಕ್ಕೆ ಬೆಳಗ್ಗೆ ಕೆಲಸ ಇರುತ್ತದೆ, ಅಲ್ವಾ? ಆದರೆ ಸಭಾ ಕಾರ್ಯಕ್ರಮ ಮಾತ್ರ ಇನ್ನೂ ಹಳೇ ಸಂಪ್ರದಾಯದ್ದು. ಅಜ್ಜನ ಕಾಲದ ಆಟದಲ್ಲಿ ನಡುನಡುವೆ ಹಾಸ್ಯಗಾರನಾದರೂ ಬರುತ್ತಿದ್ದ.

ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬೋಂಡಾ ತಿಂದುಕೊಂಡು ಕಾದೆವು. ಬೆಳಗ್ಗೆ ಭಾವಗೀತೆ ನುಡಿಸಿದ ಹುಡುಗರದ್ದು ಕೊನೆಯ ಸರದಿ, ಒಂಬತ್ತೂ ಕಾಲಿಗೆ. ಒಂಬತ್ತೂ ಕಾಲಿಗೆ ಸಂಘಟಕರಿಗೆ ಒಂದು ಉಪಾಯ ಹೊಳೆಯಿತು. ಬ್ಯಾಂಡ್ ಮುಗಿದ ಮೇಲೆ ಜನ ಎದ್ದು ಹೋಗುತ್ತಾರೆ, ವಂದನಾರ್ಪಣೆಗೆ ಯಾರೂ ಇರುವುದಿಲ್ಲ. ಅದನ್ನು ಮೊದಲೇ ಮುಗಿಸಿಬಿಡೋಣ. ಶಾಮಿಯಾನದವರಿಗೆ, ಕರೆಂಟಿನವರಿಗೆ, ಅಡುಗೆಯವರಿಗೆ, ಮಳೆ ಸುರಿಸದ ವರುಣನಿಗೆ ಎಲ್ಲರಿಗೂ ಧನ್ಯವಾದ ಹೇಳಿದರು. ಮೂವತ್ತೈದು ನಿಮಿಷ. ಬ್ಯಾಂಡಿನವರ ಹೆಸರು ಮರೆತುಹೋಯಿತು.

ಒಂಬತ್ತು ಐವತ್ತಕ್ಕೆ ಹುಡುಗರು ವೇದಿಕೆ ಹತ್ತಿದರು. ಮೂಲೆಯಿಂದ ಡ್ರಮ್ಸ್ ಎಳೆದು ತಂದರು. ಬೆಳಗ್ಗೆ ದೊಡ್ಡ ಡ್ರಮ್ಮಿಗೆ ಇಟ್ಟಿದ್ದ ಮೈಕನ್ನು ಯಾರೋ ದೀಪ ಹಚ್ಚುವಾಗ ಮಂತ್ರಕ್ಕೆ ಅಂತ ಕಿತ್ತುಕೊಂಡಿದ್ದರು. ಮಿಕ್ಸರಿನ ತಿರುಪುಗಳು ಭಾಷಣಕ್ಕೆ ತಕ್ಕ ಹಾಗೆ ತಿರುಗಿ ಬೆಳಗಿನ ಹದ ಪೂರ್ತಿ ಕೆಟ್ಟಿತ್ತು. ಹಾಗಾಗಿ ಮತ್ತೆ ಮೊದಲಿಂದ. ಧಬ್. ಧಬ್. ಧಬ್.

ಹತ್ತಕ್ಕೆ ಸರಿಯಾಗಿ ಇಬ್ಬರು ಪೊಲೀಸರು ಬಂದರು. ಒಳ್ಳೆಯ ಮಾತಿನಲ್ಲೇ ಹೇಳಿದರು. ಶಬ್ದಮಾಲಿನ್ಯದ ಬಗ್ಗೆ 2000ನೇ ಇಸವಿಯ ನಿಯಮ ಇದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ವಿಶೇಷ ಅನುಮತಿ ಇದ್ದರೆ ಹನ್ನೆರಡರ ತನಕ ಬಿಡಬಹುದು. ಅನುಮತಿ ಕೇಳುವುದನ್ನು ಸಂಘಟಕರು ಮರೆತಿದ್ದರು. ನಿಯಮ ಒಳ್ಳೆಯದೇ, ಬೀದಿಯಲ್ಲಿ ಮುದುಕರು, ಮಕ್ಕಳು ಇರುತ್ತಾರೆ. ಹಗಲಿಗೂ ಅದರಲ್ಲಿ ಅಳತೆ ಇದೆ, ಮನೆಗಳಿರುವ ಕಡೆ 55 ಡೆಸಿಬಲ್. ಆ ಕುಂಯ್ಯ್ಯ್ ಎಷ್ಟು ಡೆಸಿಬಲ್ ಇತ್ತೋ ಯಾರೂ ಅಳೆಯಲಿಲ್ಲ.

ಡ್ರಮ್ಸಿನ ಹುಡುಗ ಕೋಲು ಕೆಳಗಿಟ್ಟ. ಸಂಘಟಕರಿಗೂ ಪಾಪ ಅನ್ನಿಸಿರಬೇಕು. ಮೈಕಿಲ್ಲದೆ ಬರಿಬಾಯಲ್ಲೇ ಕೂಗಿದರು: "ಕಲಾವಿದರಿಗೆ ಬೇಜಾರಾಗಬಾರದು. ಸನ್ಮಾನ ಮಾಡಿಬಿಡೋಣ!" ತಾಳದ ಸ್ಟ್ಯಾಂಡಿನ ಮೇಲಿದ್ದ ಶಾಲು ಹಾಡುಗಾರನ ಹೆಗಲಿಗೆ ಬಂತು. ಐದು ಜನಕ್ಕೆ ಸೇರಿ ಒಂದು ಬುಟ್ಟಿ. ಅನಾನಸ್ ಜುಟ್ಟಿನಲ್ಲಿ ಆ ಮುರಿದ ಎಲೆ ಈಗ ಇರಲೇ ಇಲ್ಲ, ಎಲ್ಲೋ ಉದುರಿತ್ತು. ಫೋಟೋ ತೆಗೆದರು. ಇನ್ನೊಂದ್ಸಲ ತೆಗೆದರು.

ಹುಡುಗರು ಎಡಗಡೆ ಮೆಟ್ಟಿಲಿಳಿದರು. ಕೆಳಗೆ ಸ್ವಯಂಸೇವಕ ಕೈಚಾಚಿ ನಿಂತಿದ್ದ. "ಬುಟ್ಟಿ ಕೊಡಿ ಅಣ್ಣ, ನಾಳೆಗೂ ಬೇಕು."

ಗೋಪಿ ಸರ್ಕಲ್ ತನಕ ನಾವಿಬ್ಬರೂ ಮಾತಾಡಲಿಲ್ಲ. ಚಳಿ ಜೋರಿತ್ತು. ಆಟೋ ಕಾಯುವಾಗ ಹುಡುಗ ಕೇಳಿದ.

"ನಾಳೆ ಬರ್ತೀಯಾ ಮಾಮ?"

"ಬರ್ತೀನಿ. ಒಂಬತ್ತಕ್ಕೇ ಹೋಗೋಣ. ಹನ್ನೊಂದರೊಳಗೆ ಮನೆ ಸೇರಿಬಿಡಬೇಕು."