ಭಾಷೆ ಉಳಿಸಿ ಅಂತ ಹಾಡಬೇಡಿ, ಸುಮ್ನೆ ಹಾಡಿ

ಮಾವೋರಿ ಅಂದರೆ ನ್ಯೂಜಿಲೆಂಡಿನ ಮೂಲನಿವಾಸಿಗಳು, ಅವರ ಭಾಷೆಯ ಹೆಸರೂ ಅದೇ. ಆ ಹೆಸರು ಕೇಳಿದ ಕೂಡಲೇ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು ರಗ್ಬಿ ಮೈದಾನದ ಹಾಕಾ ಕುಣಿತ. ತೊಡೆ ತಟ್ಟಿ, ನಾಲಿಗೆ ಚಾಚಿ ಎದುರಾಳಿಯ ಎದೆ ನಡುಗಿಸುವ ಆ ವಿಡಿಯೊ ವಾಟ್ಸಾಪಿನಲ್ಲಿ ಎಲ್ಲರಿಗೂ ಬಂದಿರುತ್ತದೆ. ನನಗೆ ಅದಕ್ಕಿಂತ ಜಾಸ್ತಿ ಹುಚ್ಚು ಹಿಡಿಸಿರುವುದು ಆ ಭಾಷೆಯ ಪಾಪ್ ಹಾಡುಗಳು. ಅವುಗಳಲ್ಲೂ ಒಂದು ಹಾಡಿನ ಕಥೆಯನ್ನು ಹೇಳಲೇಬೇಕು.

ನ್ಯೂಜಿಲೆಂಡಿನ ತಾರಾನಾಕಿ ಸೀಮೆಯಲ್ಲಿ ಪಾತೆಯಾ ಅಂತ ಒಂದು ಸಣ್ಣ ಊರು. ಊರಿಗೆಲ್ಲ ಅನ್ನ ಹಾಕುತ್ತಿದ್ದದ್ದು ಒಂದು ಮಾಂಸದ ಕಾರ್ಖಾನೆ. 1982ರಲ್ಲಿ ಅದಕ್ಕೆ ಬೀಗ ಬಿತ್ತು, ಮನೆಮನೆಯಲ್ಲೂ ಕೆಲಸ ಹೋಯಿತು. ಅದೇ ವರ್ಷ ಆ ಸೀಮೆಯ ಹುಡುಗ, ಸಂಗೀತಗಾರ ದಾಲ್ವೇನಿಯಸ್ ಪ್ರೈಮ್, ಪೂರ್ವ ಕರಾವಳಿಯ ಟೊಕೊಮರು ಬೇ ಎಂಬ ಊರಿಗೆ ಹೋಗಿ ಙೋಯಿ ಪೇಫೈರಂಗಿ ಎಂಬ ಹಿರಿಯ ಹೆಂಗಸಿನ ಜೊತೆ ಕೂತ. (ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತಿದ್ದ ಙ ಅಕ್ಷರ ಕೊನೆಗೂ ಕೆಲಸಕ್ಕೆ ಬಂತು ನೋಡಿ.) ಆಕೆ ಭಾಷೆ ಕಲಿಸುವವರು, ಹಾಡು ಕಟ್ಟುವವರು. ದಾಲ್ವೇನಿಯಸ್‌ಗೆ ಮಾವೋರಿ ಅಷ್ಟಕ್ಕಷ್ಟೆ. ನಮ್ಮ ಹುಡುಗರಿಗೆ ತಾವು ಮಾವೋರಿ ಅನ್ನುವ ಹೆಮ್ಮೆ ಹುಟ್ಟಬೇಕಾದರೆ ನೀನು ಏನು ಮಾಡುತ್ತೀಯ ಅಂತ ಆಕೆ ಕೇಳಿದರು. ಅದಕ್ಕೆ ಉತ್ತರವಾಗಿ ಹುಟ್ಟಿದ್ದು 'ಪೋಯಿ ಇ'. ಮಾತು ಆಕೆಯದು, ರಾಗ ಅವನದು.

ಯಾವ ದೊಡ್ಡ ರೆಕಾರ್ಡ್ ಕಂಪನಿಯೂ ಇದನ್ನು ಮುಟ್ಟಲಿಲ್ಲ. ದಾಲ್ವೇನಿಯಸ್ ತಾನೇ ಮಾವುಯಿ ರೆಕಾರ್ಡ್ಸ್ ಅಂತ ಕಂಪನಿ ಕಟ್ಟಿ ಹೊರತಂದ. ಹಾಡಿದ್ದು ಪಾತೆಯಾ ಮಾವೋರಿ ಕ್ಲಬ್ಬಿನ ಜನ. 1984ರಲ್ಲಿ ನಾಲ್ಕು ವಾರ ನಂಬರ್ ಒನ್! ಆಗ ಮಾವೋರಿ ಇನ್ನೂ ಅಧಿಕೃತ ಭಾಷೆಯೂ ಆಗಿರಲಿಲ್ಲ, ಆ ಕಾನೂನು ಬಂದದ್ದು 1987ರಲ್ಲಿ. ಶಾಲೆಯಲ್ಲಿ ಮಾವೋರಿ ಮಾತಾಡಿದ್ದಕ್ಕೆ ಏಟು ತಿಂದಿದ್ದ ಜನ ಆಗಿನ್ನೂ ಬದುಕಿದ್ದರು. ಅವರು ರೇಡಿಯೊ ಹಾಕಿದರೆ ಪಾಪ್ ಚಾರ್ಟಿನ ತುದಿಯಲ್ಲಿ ತಮ್ಮದೇ ಮಾತು.

ಈ ಹಾಡಿನಲ್ಲಿ ಭಾಷೆಯ ಬಗ್ಗೆ ಭಾಷಣ ಇಲ್ಲ, ನಾನು ಇಷ್ಟುದ್ದ ಬರೆಯುತ್ತಿರುವುದೇ ಅದಕ್ಕೆ. ಪೋಯಿ ಅಂದರೆ ಹೆಂಗಸರು ಕುಣಿಯುವಾಗ ದಾರಕ್ಕೆ ಕಟ್ಟಿ ಬೀಸುವ ಚೆಂಡು. ಹಾಡು ಆ ಚೆಂಡನ್ನೇ ಮಾತಾಡಿಸುತ್ತದೆ. ತಿರುಗು, ವಾಲು, ಬೀಸಣಿಗೆ ಬಾಲದ ಆ ಪುಟ್ಟ ಹಕ್ಕಿಯ ಹಾಗೆ ಹಾರು ಅನ್ನುತ್ತದೆ. ಪಟ್ಟಣ ಸೇರಿ ದಾರಿ ಹುಡುಕುತ್ತಿದ್ದ ಮಾವೋರಿ ಹುಡುಗರೇ ಆ ಹಕ್ಕಿ ಅಂತಲೂ ಅರ್ಥ ಹೇಳುತ್ತಾರೆ. ಇರಬಹುದು. ಆದರೆ ಕೇಳುವವನಿಗೆ ಮೊದಲು ಸಿಗುವುದು ಡ್ರಮ್ ಮಷೀನಿನ ಬಡಿತ, ಅದರ ಮೇಲೆ ಸಮುದಾಯಕ್ಕೆ ಸಮುದಾಯವೇ ಹಾಡುವ ದನಿ. ಕಾಲು ತಾನಾಗಿ ಅಲ್ಲಾಡುತ್ತದೆ.

ಅದಕ್ಕೂ ಮುಂಚೆ 1982ರಲ್ಲಿ ಪ್ರಿನ್ಸ್ ಟುಯಿ ಟೇಕಾ ಹಾಡಿದ 'ಇ ಇಪೋ' ನಂಬರ್ ಒನ್ ಆಗಿತ್ತು. ಅದರ ಮಾತಿನಲ್ಲೂ ಇದೇ ಙೋಯಿ ಅವರ ಕೈ ಇದೆ. ವಿಷಯ? ಪ್ರೀತಿ. ಅಷ್ಟೇ.

ಈಗ ಇನ್ನೊಂದು ಬಗೆಯ ಹಾಡುಗಳಿಗೆ ಬರುತ್ತೇನೆ. 1999ರ ರಗ್ಬಿ ವಿಶ್ವಕಪ್ಪಿನಲ್ಲಿ, ಲಂಡನ್ನಿನ ಟ್ವಿಕನಮ್ ಮೈದಾನದಲ್ಲಿ, ಗಾಯಕಿ ಹಿನೆವೆಹಿ ಮೊಹಿ ನ್ಯೂಜಿಲೆಂಡಿನ ರಾಷ್ಟ್ರಗೀತೆಯನ್ನು ಮಾವೋರಿಯಲ್ಲಿ ಮಾತ್ರ ಹಾಡಿದರು. ದೇಶದಲ್ಲಿ ದೊಡ್ಡ ರಂಪವೇ ಆಯಿತು. ಈಗ ಎರಡೂ ಭಾಷೆಯಲ್ಲಿ ಹಾಡದಿದ್ದರೆ ಅಲ್ಲಿನ ಜನಕ್ಕೆ ಏನೋ ಕಮ್ಮಿ ಅನ್ನಿಸುತ್ತದೆ. ಆ ಹೆಂಗಸಿನ ಗಟ್ಟಿತನ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಅದಾಗಿ ಇಪ್ಪತ್ತು ವರ್ಷಕ್ಕೆ, 2019ರಲ್ಲಿ, ಅವರೇ ಮುಂದೆ ನಿಂತು 'ವಾಯಾಟಾ ಆಂಥಮ್ಸ್' ಅನ್ನುವ ಆಲ್ಬಮ್ ತಂದರು. ಹೆಸರಾಂತ ಗಾಯಕರು ತಮ್ಮ ಇಂಗ್ಲಿಷ್ ಹಿಟ್‌ಗಳನ್ನು ಮಾವೋರಿಗೆ ತಂದು ಹಾಡಿದರು. ಅದೂ ನಂಬರ್ ಒನ್. 2021ರಲ್ಲಿ ನ್ಯೂಜಿಲೆಂಡಿನ ಪಾಪ್ ಗಾಯಕಿ ಲಾರ್ಡ್ ತನ್ನ ಐದು ಹಾಡುಗಳನ್ನು ಮಾವೋರಿಯಲ್ಲಿ ಹಾಡಿದಾಗ, ಮಾವೋರಿ ಅಲ್ಲದವಳಿಗೆ ಇದೇಕೆ, ಬರೀ ತೋರಿಕೆ ಅಂತ ಕೆಲವರು ಬೈದರು.

ನಾನು ಬೈಯುವುದಿಲ್ಲ. ನ್ಯೂಜಿಲೆಂಡಿನಲ್ಲಿ ಮಾವೋರಿ ಮಾತಾಡಬಲ್ಲವರು 2018ರ ಜನಗಣತಿಯಲ್ಲಿ ನೂರಕ್ಕೆ ನಾಲ್ಕು ಜನ. ಅಂಥ ಭಾಷೆಗೆ ಯಾರು ದನಿ ಕೊಟ್ಟರೂ ಬೇಡ ಅನ್ನುವ ಕಾಲವಲ್ಲ ಇದು. ಆದರೆ ಈ ಹಾಡುಗಳೆಲ್ಲ ಮೊದಲು ಇಂಗ್ಲಿಷಿನಲ್ಲಿ ಗೆದ್ದು ಆಮೇಲೆ ಬಟ್ಟೆ ಬದಲಿಸಿದವು. ಸೆಪ್ಟೆಂಬರಿನ ಮಾವೋರಿ ಭಾಷಾ ವಾರದ ಹೊತ್ತಿಗೆ ಇಂಥವಕ್ಕೆ ಜೀವ ಬರುತ್ತದೆ. ನವೆಂಬರ್ ಕನ್ನಡಿಗರನ್ನು ಕಂಡ ನಮಗೆ ಈ ಕ್ಯಾಲೆಂಡರ್ ಪ್ರೀತಿ ಏನೂ ಹೊಸದಲ್ಲ, ಅಲ್ವಾ? ಉಳಿದ ವಾರಗಳಲ್ಲಿ ಮಗು ಕಾರಿನ ಹಿಂದಿನ ಸೀಟಲ್ಲಿ ಏನು ಗುನುಗುತ್ತದೆ ಅನ್ನುವುದು ನನ್ನ ಪ್ರಶ್ನೆ.

ಅದಕ್ಕೆ ನನಗೆ 2021ರ '35' ಇಷ್ಟ. ರಾಬ್ ರುಹಾ ಮತ್ತು ಕಾ ಹಾವೊ ಎಂಬ ಹರೆಯದವರ ಗುಂಪು ಹಾಡಿದ್ದು. 35 ಅಂದರೆ ಪೂರ್ವ ಕರಾವಳಿಯ ಉದ್ದಕ್ಕೂ ಹೋಗುವ ರಾಜ್ಯ ಹೆದ್ದಾರಿಯ ನಂಬರು. ನಮ್ಮೂರ ರಸ್ತೆ, ನಮ್ಮ ಜನ, ಬಾ ಹೋಗೋಣ ಅನ್ನುವ ಧಾಟಿ. ಟಿಕ್‌ಟಾಕಿನಲ್ಲಿ ಹಬ್ಬಿತು. ಅಂದ ಹಾಗೆ, ಙೋಯಿ ಅವರ ಟೊಕೊಮರು ಬೇ ಇರುವುದೂ ಇದೇ ರಸ್ತೆಯ ಮೇಲೆ.

ಇನ್ನೊಂದು ಕಡೆ ಏಲಿಯನ್ ವೆಪನ್ರಿ. ಹೆನ್ರಿ ಮತ್ತು ಲೂಯಿಸ್ ಡಿ ಯಾಂಗ್ ಅಣ್ಣತಮ್ಮಂದಿರು ಕಟ್ಟಿದ ಥ್ರ್ಯಾಶ್ ಮೆಟಲ್ (ಅಬ್ಬರದ ರಾಕ್ ಸಂಗೀತ) ಬ್ಯಾಂಡು. ಇಬ್ಬರೂ ಮಾವೋರಿ ಮಾಧ್ಯಮದ ಶಾಲೆಗೆ ಹೋದವರು. 1864ರ ಗೇಟ್ ಪಾ ಯುದ್ಧದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದ ತಮ್ಮ ಪೂರ್ವಜನ ಕಥೆಯನ್ನು ಅರಚಿ ಹಾಡುತ್ತಾರೆ. ಹದಿಹರೆಯದಲ್ಲೇ ಜರ್ಮನಿಯ ವಾಕನ್ ಮೆಟಲ್ ಹಬ್ಬದ ತನಕ ಹೋಗಿ ಬಂದರು. ಆ ಒತ್ತಕ್ಷರವಿಲ್ಲದ, ಸ್ವರದಲ್ಲೇ ಮುಗಿಯುವ ಪದಗಳು ಇಂಥ ಗಿಟಾರಿಗೆ ಎಷ್ಟು ಚೆನ್ನಾಗಿ ಕೂರುತ್ತವೆ ಅಂತ ಕೇಳಿಯೇ ತಿಳಿಯಬೇಕು.

ಟೆ ಮಾಂಗಾಯ್ ಪಾಹೊ ಅಂತ ಮಾವೋರಿ ಪ್ರಸಾರಕ್ಕೂ ಸಂಗೀತಕ್ಕೂ ದುಡ್ಡು ಕೊಡುವ ಸರ್ಕಾರಿ ಸಂಸ್ಥೆ ಅಲ್ಲಿದೆ. ನನ್ನನ್ನು ಕೇಳಿದರೆ (ಯಾರೂ ಕೇಳಿಲ್ಲ ಬಿಡಿ) ಆ ದುಡ್ಡಿನ ದೊಡ್ಡ ಪಾಲು ಇಂಥವರಿಗೆ ಹೋಗಬೇಕು. ರಸ್ತೆ, ಜಗಳ, ಹುಡುಗಿ, ಮಳೆ, ಏನನ್ನಾದರೂ ಮೊದಲ ಸಾಲಿನಿಂದಲೇ ಮಾವೋರಿಯಲ್ಲಿ ಬರೆಯುವ ಹುಡುಗ ಹುಡುಗಿಯರಿಗೆ.

ಎಲ್ಲಾ ಹಾಡೂ ಯೂಟ್ಯೂಬಿನಲ್ಲಿ ಇವೆ. ಮೆಟಲ್ ಆಗಿಬರದವರು 'ಪೋಯಿ ಇ'ಯಿಂದ ಶುರು ಮಾಡಿ. ಇಯರ್‌ಫೋನ್ ಬೇಡ, ಮನೆಮಂದಿಗೆಲ್ಲ ಕೇಳುವ ಹಾಗೆ ಜೋರಾಗಿ ಹಾಕಿ.