ಎರಡು ಮಚ್ಚೆ, ಇಪ್ಪತ್ತೈದು ಮೀಟರ್

ನಾಲ್ಕು ಎಂಬಿ ಫೋಟೊವನ್ನು 20 ಕೆಬಿಗೆ ಇಳಿಸುವುದೆಂದರೆ ಮದುವೆ ಮನೆಯ ಕೊಪ್ಪರಿಗೆ ಸಾರನ್ನು ಪಂಚಪಾತ್ರೆಗೆ ಬಗ್ಗಿಸಿದ ಹಾಗೆ. ಡ್ರೈವಿಂಗ್ ಲೈಸೆನ್ಸ್ ರಿನ್ಯೂವಲ್‌ಗೆ ಕೂತರೆ ಕೇಂದ್ರ ಸಾರಿಗೆ ಸಚಿವಾಲಯದ ‘ಸಾರಥಿ’ ಜಾಲತಾಣ ಕೇಳುವುದು ಅದನ್ನೇ. ಫೋಟೊ, ಸಹಿ ಎರಡೂ ಜೆಪಿಜಿ ಆಗಿರಬೇಕು, 10ರಿಂದ 20 ಕೆಬಿ ಒಳಗಿರಬೇಕು. 21 ಆದರೆ ಬೇಡ, 9 ಆದರೂ ಬೇಡ. ಕುಗ್ಗಿಸುವ ಆ್ಯಪೋ, ಒಂದೇ ಏಟಿಗೆ 8 ಕೆಬಿಗೆ ಇಳಿಸಿ ಕೈ ತೊಳೆದುಕೊಳ್ಳುತ್ತದೆ. ಅಷ್ಟರಲ್ಲಿ ಮೂಗು ಬಾಯಿ ಒಂದೇ ಚೌಕಕ್ಕೆ ಬಂದು ಬಿದ್ದಿರುತ್ತವೆ. ಇದಕ್ಕೊಂದು ಉಪಾಯವಿದೆ. ಮೊದಲು ಕತ್ತರಿಸಿ, ಆಮೇಲೆ ಕುಗ್ಗಿಸಿ. ಬಿಳಿ ಹಾಳೆಯ ಮೇಲೆ ದಪ್ಪ ಮೊನೆಯ ಕಪ್ಪು ಪೆನ್ನಿನಲ್ಲಿ ಸಹಿ ಹಾಕಿ, ಫೋಟೊ ತೆಗೆದು, ಸುತ್ತಲಿನ ಖಾಲಿ ಜಾಗವನ್ನೆಲ್ಲ ಸಹಿಯ ಅಂಚಿನವರೆಗೂ ಕತ್ತರಿಸಿಬಿಡಬೇಕು. ಇದನ್ನು ತಿರುಗಾಮುರುಗಾ ಮಾಡಿದರೆ ಸಹಿ ಬೆಲ್ಲ ಕಂಡ ಇರುವೆ ಸಾಲಿನ ಹಾಗೆ ಕಾಣುತ್ತದೆ.

ಲೈಸೆನ್ಸ್ ಮುಗಿದಿದೆ ಅಂತ ಗೊತ್ತಾಗುವುದಾದರೂ ಎಲ್ಲಿ? ಜೆರಾಕ್ಸ್ ಅಂಗಡಿಯಲ್ಲಿ. ಬೇರೆ ಯಾವುದಕ್ಕೋ ವಿಳಾಸದ ದಾಖಲೆ ಬೇಕಾಗಿ ಪರ್ಸಿನಿಂದ ತೆಗೆದಾಗ, ಗಾಜಿನ ಮೇಲೆ ಇಡುವ ಹುಡುಗ ಒಂದು ಸಲ ನೋಡಿ, ‘ಸಾರ್, ಇದು ಮುಗಿದು ಮೂರು ತಿಂಗಳಾಯ್ತು’ ಅನ್ನುತ್ತಾನೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುತ್ತಾರೆ. ಹೊರಗೆ ನಿಲ್ಲಿಸಿದ ಸ್ಕೂಟರ್ ಕೂಡ ಮುಖ ಬೇರೆ ಕಡೆ ತಿರುಗಿಸಿರುತ್ತದೆ.

ಮೊದಲೆಲ್ಲ ಅವಧಿ ಮುಗಿದ ಮೇಲೂ 30 ದಿನ ಲೈಸೆನ್ಸಿಗೆ ಜೀವ ಇರುತ್ತಿತ್ತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಆ ತಿಂಗಳನ್ನು ಕಿತ್ತುಕೊಂಡಿತು. ಬದಲಿಗೆ, ಮುಗಿಯುವುದಕ್ಕೆ ಒಂದು ವರ್ಷ ಮುಂಚಿನಿಂದಲೇ ಅರ್ಜಿ ಹಾಕಬಹುದು ಅಂತಾಯಿತು. ಯಾರು ಹಾಕುತ್ತಾರೆ? ನಮ್ಮಲ್ಲಿ ಕೊನೇ ದಿನಾಂಕಕ್ಕಿಂತ ಮುಂಚೆ ನಡೆಯುವ ಕೆಲಸ ಅಂದರೆ ಯುಗಾದಿಯ ಎಣ್ಣೆಸ್ನಾನ ಒಂದೇ. ಮುಗಿದು ವರ್ಷ ದಾಟಿದರೆ ಮಾತ್ರ ಮತ್ತೆ ಡ್ರೈವಿಂಗ್ ಟೆಸ್ಟ್. ಕೂದಲು ನೆರೆತ ಮೇಲೆ ಕಾಲೇಜು ಹುಡುಗರ ಸಾಲಿನಲ್ಲಿ ನಿಂತು ಟ್ರ್ಯಾಕ್ ಮೇಲೆ ಎಂಟು ಬರೆಯಬೇಕು, ಕಾಲು ನೆಲಕ್ಕೆ ತಾಗುವಂತಿಲ್ಲ. ಅದಕ್ಕೆ ಹೋಲಿಸಿದರೆ ಕೆಬಿ ಕಾಟ ಎಷ್ಟೋ ಮೇಲು.

ಡಿಎಲ್ ನಂಬರ್ ತುಂಬಿಸುವಲ್ಲಿ ಒಂದು ಸೊನ್ನೆ ಲೆಕ್ಕ ಇದೆ. ರಾಜ್ಯದ ಎರಡಕ್ಷರ, ಕಚೇರಿಯ ಎರಡಂಕಿ, ವರ್ಷದ ನಾಲ್ಕಂಕಿ, ಕೊನೆಗೆ ಏಳಂಕಿ. ಹಳೆಯ ಲೈಸೆನ್ಸಿನಲ್ಲಿ ವರ್ಷ ‘99’ ಅಂತಿದ್ದರೆ 1999 ಅನ್ನಬೇಕು. ಕೊನೆಯ ಸಂಖ್ಯೆ 4312 ಅಂತಿದ್ದರೆ ಮುಂದೆ ಮೂರು ಸೊನ್ನೆ ಹಚ್ಚಿ ಏಳಾಗಿಸಬೇಕು. ಸೊನ್ನೆಗೆ ಬೆಲೆ ಇಲ್ಲ ಅಂತ ಹೇಳಿಕೊಟ್ಟ ಲೆಕ್ಕದ ಮೇಷ್ಟ್ರನ್ನು ಇಲ್ಲಿಗೆ ಕರೆದು ಕೂರಿಸಬೇಕು. ಇಷ್ಟಾದರೂ ‘ವಿವರ ಇಲ್ಲ’ ಅಂತ ಬಂದರೆ, ಪುಸ್ತಕದ ಕಾಲದ ನಿಮ್ಮ ಲೈಸೆನ್ಸ್ ಕಂಪ್ಯೂಟರಿಗೆ ಏರಿಯೇ ಇಲ್ಲ ಅಂತ ಅರ್ಥ. ಅದನ್ನು ಏರಿಸಲು ಮೂಲ ಲೈಸೆನ್ಸ್ ಕೊಟ್ಟ ಕಚೇರಿಗೇ ಹೋಗಬೇಕು. ಶಿರಸಿಯಲ್ಲಿ ಮಾಡಿಸಿ ಈಗ ಬೆಂಗಳೂರಲ್ಲಿದ್ದರೆ ಒಂದು ರಾತ್ರಿ ಬಸ್ಸು.

ಹೆಸರಿನ ವಿಷಯ ಎತ್ತಲೇಬಾರದು. ಲೈಸೆನ್ಸಿನಲ್ಲಿ ಎಚ್.ಎಸ್. ಮಂಜುನಾಥ, ಆಧಾರಿನಲ್ಲಿ ಮಂಜುನಾಥ್ ಎಚ್ ಎಸ್. ಇಂಗ್ಲಿಷಿನಲ್ಲಿ ಕೊನೆಗೊಂದು ‘ಎ’ ಇದೆಯೋ ಇಲ್ಲವೋ ಅನ್ನುವುದು ನಾಮಕರಣ ಮಾಡಿದ ಸೋದರತ್ತೆಗೂ ಗೊತ್ತಿರಲಿಲ್ಲ.

ಇನ್ನು ನಮೂನೆಗಳು. ನವೀಕರಣದ ಅರ್ಜಿ ನಮೂನೆ 2, ಆರೋಗ್ಯದ ಬಗ್ಗೆ ನಾವೇ ಹೇಳಿಕೊಳ್ಳುವ ನಮೂನೆ 1. ಅರ್ಜಿ ಹಾಕುವ ದಿನಕ್ಕೆ ನಲವತ್ತು ತುಂಬಿದ್ದರೆ ಡಾಕ್ಟರು ಬರೆದುಕೊಡುವ ನಮೂನೆ 1ಎ. ಹಳೆಯ ನಿಯಮದಲ್ಲಿ 20 ವರ್ಷದ ಅವಧಿ. ಇಪ್ಪತ್ತೆರಡಕ್ಕೆ ಲೈಸೆನ್ಸ್ ಮಾಡಿಸಿದವರಿಗೆ ಮುಗಿಯುವುದು ನಲವತ್ತೆರಡಕ್ಕೆ. ಹೊಸ ನಿಯಮದಲ್ಲಿ ಮೂವತ್ತರೊಳಗೆ ಮಾಡಿಸಿದವರಿಗೆ ಸರಿಯಾಗಿ ನಲವತ್ತಕ್ಕೇ. ಯಾವ ದಾರಿಯಲ್ಲಿ ಬಂದರೂ ಸೇರುವುದು ಡಾಕ್ಟರ ಬಾಗಿಲಿಗೆ.

ಈ ನಮೂನೆ 1ಎ ಬರೆದವರು ಬಾಡಿಗೆ ಕ್ಲಿನಿಕ್ ನೋಡಿದವರಲ್ಲ. ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಮೋಟಾರು ಕಾರಿನ ನಂಬರ್ ಪ್ಲೇಟ್ ಗುರುತಿಸಬಲ್ಲರೇ ಅಂತ ಡಾಕ್ಟರನ್ನು ಕೇಳುತ್ತಾರೆ. 25 ಮೀಟರ್ ಅಂದರೆ 82 ಅಡಿ. ಕ್ಲಿನಿಕ್ಕು ಹತ್ತಕ್ಕೆ ಹನ್ನೆರಡು. ಡಾಕ್ಟರ ಕುರ್ಚಿಯಿಂದ ಅಳೆಯುತ್ತ ಹೊರಟರೆ ತೂಕದ ಯಂತ್ರ ದಾಟಿ, ಕೆಮ್ಮುತ್ತಿರುವ ನಾಲ್ವರನ್ನು ದಾಟಿ, ಮೆಡಿಕಲ್ ಸ್ಟೋರ್, ಅಯ್ಯಂಗಾರ್ ಬೇಕರಿ ದಾಟಿ ಆಟೋ ಸ್ಟ್ಯಾಂಡಿನಲ್ಲಿ ನಿಲ್ಲಬೇಕು. ಅಲ್ಲಿಂದ ಕೂಗಿದರೆ ಡಾಕ್ಟರಿಗೆ ಕೇಳಿಸುವುದಿಲ್ಲ. ಅವರ ಕಿವಿಗೆ ಸರ್ಟಿಫಿಕೇಟ್ ಬೇಕಾಗುತ್ತದೆ. ಹಾಗಾಗಿ ಅವರು ತಲೆ ಎತ್ತದೆ ‘ಕಣ್ಣು ಸರಿ ಇದೆಯಲ್ಲ?’ ಅನ್ನುತ್ತಾರೆ. ಇದೆ ಅಂದರೆ ಇದೆ. ಕೆಂಪು, ಹಸಿರು ಬಣ್ಣ ಗೊತ್ತಾಗುತ್ತದೆಯೇ ಅನ್ನುವುದು ಮೊದಲಿದ್ದ ಇನ್ನೊಂದು ಪ್ರಶ್ನೆ. ಹಳದಿಯನ್ನು ಕೇಳಿಯೇ ಇರಲಿಲ್ಲ! ನಮ್ಮ ಸಿಗ್ನಲ್‌ಗಳಲ್ಲಿ ಹಳದಿಗೆ ಸಿಗುವ ಮರ್ಯಾದೆಯ ಮೂಲ ಇಲ್ಲಿದೆ ನೋಡಿ.

ಆದರೆ ಡಾಕ್ಟರು ಪೆನ್ನು ನಿಲ್ಲಿಸಿ, ಕನ್ನಡಕ ಸರಿಪಡಿಸಿಕೊಂಡು, ನಿಜವಾಗಿ ಪರೀಕ್ಷೆ ಮಾಡುವ ಜಾಗ ಒಂದಿದೆ. ಗುರುತಿನ ಚಿಹ್ನೆಗಳು: (1), (2).

‘ಮಚ್ಚೆ ಎಲ್ಲಿದೆ ಹೇಳಿ.’

ಒಂದು ಸಲೀಸು. ಬಲಗೆನ್ನೆಯದೋ ಎಡ ಮುಂಗೈಯದೋ, ಶಾಲೆಯ ಟಿಸಿಯ ಕಾಲದಿಂದ ಬಂದದ್ದು ಇರುತ್ತದೆ. ಎರಡನೆಯದಕ್ಕೆ ಬಂದಾಗ ಸರಕಾರದ ದೊಡ್ಡತನ ಗೊತ್ತಾಗುವುದು. ತೋಳು ಮಡಿಚಿ ನೋಡುತ್ತೀರಿ, ಇಲ್ಲ. ಅಂಗೈ ತಿರುವುತ್ತೀರಿ, ಇಂಕಿನ ಕಲೆ. ಕತ್ತಿನ ಹಿಂದೆ ಇದೆ ಅಂತ ಹೆಂಡತಿ ಎಂದೋ ಅಂದ ನೆನಪು. ಫೋನ್ ಮಾಡಿ ಕೇಳಿದರೆ ‘ಅದು ನಿಮ್ಮ ತಮ್ಮನಿಗೆ ಅಂದಿದ್ದು’ ಅನ್ನುತ್ತಾಳೆ. ನಿಜವಾದ ಮಚ್ಚೆ ಇರುವ ಜಾಗವನ್ನು ಕಾಂಪೌಂಡರ್ ಎದುರು ಹೇಳುವಂತಿಲ್ಲ. ಹಿಂದೆ ಕೂತ ಅಜ್ಜಿ ಕೆಮ್ಮು ನಿಲ್ಲಿಸಿ, ‘ಕಿವಿ ಹಿಂದೆ ನೋಡ್ಕೊಳಪ್ಪ’ ಅಂತ ಸಲಹೆ ಕೊಡುತ್ತಾರೆ. ನಲವತ್ತು ದಾಟಿದ ಗಂಡಸೊಬ್ಬ ಹಾಡಹಗಲಲ್ಲಿ ತನ್ನನ್ನು ತಾನೇ ಹುಡುಕಿಕೊಳ್ಳುತ್ತ ನಿಂತಿರುತ್ತಾನೆ, ಹೊರಗೆ ಇಂಜೆಕ್ಷನ್‌ಗೆ ಬಂದ ಮಗು ಅಳು ಮರೆತು ನೋಡುತ್ತಿರುತ್ತದೆ.

ಕೊನೆಗೆ ಸಿಗುವುದು ಮೊಣಕಾಲಿನ ಹಳೆಯ ಗಾಯದ ಕಲೆ. ಬಾಡಿಗೆ ಸೈಕಲ್ಲು, ಸೀಟಿಗೆ ಕಾಲು ಎಟುಕದೆ ಒಳಪೆಡಲ್, ಹಿಂದೆ ಹಿಡಿದಿದ್ದೇನೆ ಅಂತ ಸುಳ್ಳು ಹೇಳಿ ಕೈ ಬಿಟ್ಟ ಅಣ್ಣ, ಇಳಿಜಾರಿನ ಕೊನೆಗೆ ಜಲ್ಲಿ ರಾಶಿ. ಅಮ್ಮ ಅರಿಸಿನ ಒತ್ತಿದ್ದು. ಆ ಸಂಜೆ ಯಾರೂ ಯಾವ ನಮೂನೆಯನ್ನೂ ಕೇಳಿರಲಿಲ್ಲ. ಡಾಕ್ಟರು ‘ಬಲಮೊಣಕಾಲಿನ ಮೇಲೆ ಕಲೆ’ ಅಂತ ಒಂದು ಸಾಲಿನಲ್ಲಿ ಗೀಚಿ ಮುಗಿಸುತ್ತಾರೆ.

ಕ್ಲಿನಿಕ್ ಬಿಡುವ ಮುಂಚೆ ಕಾಗದವನ್ನು ಓದಿಕೊಳ್ಳಿ. ಅದರಲ್ಲಿ ‘ಅರ್ಹ / ಅರ್ಹನಲ್ಲ’ ಅಂತ ಎರಡೂ ಅಚ್ಚಾಗಿರುತ್ತದೆ, ಬೇಡದ್ದನ್ನು ಡಾಕ್ಟರು ಹೊಡೆದು ಹಾಕಬೇಕು. ಅವಸರದಲ್ಲಿ ಎರಡನ್ನೂ ಬಿಟ್ಟಿರುತ್ತಾರೆ, ಇಲ್ಲವೇ ಒಳ್ಳೆಯದನ್ನೇ ಹೊಡೆದಿರುತ್ತಾರೆ. ಫೋಟೊ ಅಂಟಿಸಿದೆಯೇ, ಮೊಹರಿನಲ್ಲಿ ನೋಂದಣಿ ಸಂಖ್ಯೆ ಮೂಡಿದೆಯೇ ನೋಡಿ. ಮೊಹರಿನ ಇಂಕು ಒಣಗಿದ್ದರೆ ಪೆನ್ನಿನಲ್ಲೇ ಬರೆಸಿಕೊಳ್ಳಿ. ಕೌಂಟರಿನಲ್ಲಿ ನಿಮ್ಮ ಕಣ್ಣು, ಕಿವಿ, ಕಾಲನ್ನು ಯಾರೂ ನೋಡುವುದಿಲ್ಲ, ಆ ಸಂಖ್ಯೆಯನ್ನು ಮಾತ್ರ ನೋಡುತ್ತಾರೆ.

ಕಚೇರಿಯ ಭಾಗ, ನಿಜ ಹೇಳಬೇಕೆಂದರೆ, ಎಲ್ಲಕ್ಕಿಂತ ಚಿಕ್ಕದು. ನವೀಕರಣಕ್ಕೆ 200, ಸ್ಮಾರ್ಟ್ ಕಾರ್ಡಿಗೆ ಇನ್ನೊಂದು 200 ಆನ್‌ಲೈನಿನಲ್ಲೇ ಕಟ್ಟಿರುತ್ತೀರಿ. ಹಣ ಕಡಿತವಾಗಿ ರಸೀದಿ ಬರದಿದ್ದರೆ ತಕ್ಷಣ ಎರಡನೇ ಸಲ ಕಟ್ಟಲು ಹೋಗಬೇಡಿ. ಪಾವತಿ ಪರಿಶೀಲಿಸುವ ಕೊಂಡಿ ಅಲ್ಲೇ ಇದೆ. ಸ್ಲಾಟ್ ದಿನ ಹಳೆಯ ಲೈಸೆನ್ಸಿನ ಮೂಲಪ್ರತಿ ಮರೆಯಬೇಡಿ. ಕ್ಯಾಮೆರಾ ಎದುರು ಕೂತು, ‘ಸಿದ್ಧ’ ಅನ್ನಲು ಬಾಯಿ ತೆರೆದ ಕ್ಷಣಕ್ಕೆ ಸರಿಯಾಗಿ ಕ್ಲಿಕ್. ಇಷ್ಟು ದಿನ ಒದ್ದಾಡಿ 20 ಕೆಬಿಗೆ ಇಳಿಸಿದ ಆ ಫೋಟೊ ಮತ್ತೇಕೆ ಬೇಕಿತ್ತು ಅಂತ ಕೇಳುವಷ್ಟರಲ್ಲಿ ಮುಂದಿನವರ ಸರದಿ.

ಸ್ವಲ್ಪ ದಿನಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಕಾರ್ಡ್ ಬರುತ್ತದೆ. ಹಳೆಯದರ ಪಕ್ಕದಲ್ಲಿಟ್ಟು ನೋಡಬಾರದು, ಆದರೂ ಎಲ್ಲರೂ ನೋಡುತ್ತಾರೆ. ಅದರಲ್ಲಿ ಹಣೆಯವರೆಗೂ ಕೂದಲು, ಇದರಲ್ಲಿ ಹಣೆಯೇ ನಡುನೆತ್ತಿಯವರೆಗೂ. ಹೆಸರಿದೆ, ವಿಳಾಸವಿದೆ, ರಕ್ತದ ಗುಂಪು ಇದೆ, ಅರ್ಧ ತೆರೆದ ಬಾಯಿ ಇದೆ. ಅಜ್ಜಿಯ ಸಲಹೆ ಪಡೆದು, ಪ್ಯಾಂಟು ಮಡಿಚಿ ಬರೆಸಿದ ಆ ಎರಡು ಗುರುತು? ಕಾರ್ಡಿನ ಮುಂದೆಯೂ ಇಲ್ಲ, ತಿರುಗಿಸಿದರೆ ಹಿಂದೆಯೂ ಇಲ್ಲ.