ಅಟ್ಟದ ಮೇಲಿನ ಡಬ್ಬ ಮತ್ತು ಕ್ವಾಂಟಮ್ ಪಾಠ

ಕಳೆದ ಗುರುವಾರ ಬಿಎಸ್ಸಿ ಕೊನೆ ವರ್ಷದ ಕ್ಲಾಸಿಗೆ ಒಂದು ಪ್ಯಾಕೆಟ್ ನಕ್ಷತ್ರದ ಸ್ಟಿಕ್ಕರ್ ತೆಗೆದುಕೊಂಡು ಹೋಗಿದ್ದೆ. ಮಕ್ಕಳ ಕೋಣೆಯ ಸೂರಿಗೆ ಅಂಟಿಸ್ತಾರಲ್ಲ, ದೀಪ ಆರಿಸಿದ ಮೇಲೆ ಹಸಿರಾಗಿ ಹೊಳೆಯುತ್ತವೆ, ಅವೇ. ಒಂಚೂರೂ ಬೆಳಕು ತಾಗಬಾರದು ಅಂತ ಹಿಂದಿನ ರಾತ್ರಿಯೇ ಕಪ್ಪು ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ಲ್ಯಾಬಿನ ಕಿಟಕಿಗಳಿಗೆ ಕಾಲೇಜು ಡೇ ದಿನದ ಹಳೆ ಬ್ಯಾನರ್ ಕಟ್ಟಿ ಕತ್ತಲು ಮಾಡಿದೆವು.

ಮೊದಲು ಕೆಂಪು ಲೇಸರ್ ಪಾಯಿಂಟರ್. ಸ್ಟಿಕ್ಕರ್ ಮೇಲೆ ಪೂರ್ತಿ ಒಂದು ನಿಮಿಷ ಹಿಡಿದು ಆರಿಸಿದೆವು. ಏನೂ ಇಲ್ಲ. ಮೂರು ಲೇಸರ್ ಒಟ್ಟಿಗೆ ಹಿಡಿದೆವು. ಆಗಲೂ ಏನೂ ಇಲ್ಲ. ಆಮೇಲೆ ಬಟನ್ ಸೆಲ್ಲಿಗೆ ಸಿಕ್ಕಿಸಿದ ಒಂದು ಪುಟ್ಟ ನೀಲಿ ಎಲ್‌ಇಡಿ. ಎರಡೇ ಸೆಕೆಂಡ್. ತೆಗೆದ ತಕ್ಷಣ ಆ ಜಾಗ ಹಸಿರಾಗಿ ಹೊಳೆಯಿತು. ಕತ್ತಲಲ್ಲಿ ಇಪ್ಪತ್ತಾರು ಮಕ್ಕಳು ಒಟ್ಟಿಗೆ "ಓ" ಅಂದರು.

ಯಾಕೆ ಹೀಗೆ ಅಂತ ನಾನು ಹೇಳಲಿಲ್ಲ. ಸುಮ್ಮನೆ ನಿಂತೆ. ಸ್ವಲ್ಪ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಹೇಳಿದಳು: "ಸರ್, ಅಟ್ಟದ ಮೇಲೆ ಉಂಡೆ ಡಬ್ಬ ಇದ್ದ ಹಾಗೆ. ಮನೆ ತುಂಬ ಚಿಕ್ಕ ಮಕ್ಕಳಿದ್ದರೂ ಒಬ್ಬರ ಕೈಗೂ ಎಟುಕಲ್ಲ. ಎತ್ತರದವರು ಒಬ್ಬರು ಬಂದರೆ ಸಾಕು."

ನಾನು ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಬೆಳಕಿನ ಕಣವಾದ ಫೋಟಾನ್ ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ನಾನೇ ಯಾವತ್ತೂ ಹೇಳಿಲ್ಲ. ಬೆಳಕು ಎಷ್ಟು ಜಾಸ್ತಿ ಇದೆ ಅನ್ನುವುದು ಇಲ್ಲಿ ಮುಖ್ಯ ಅಲ್ಲ. ಒಂದೊಂದು ಫೋಟಾನ್‌ಗೆ ಎಷ್ಟು ಶಕ್ತಿ ಇದೆ ಅನ್ನುವುದು ಮುಖ್ಯ. ಕೆಂಪು ಫೋಟಾನ್ ಕುಳ್ಳಗಿನ ಮಗು, ನೀಲಿ ಫೋಟಾನ್ ಎತ್ತರದ ಅಣ್ಣ. 1905ರಲ್ಲಿ ಐನ್‌ಸ್ಟೈನ್ ಹೇಳಿದ್ದು ಇದನ್ನೇ. ಅಮೆರಿಕದ ವಿಜ್ಞಾನಿ ರಾಬರ್ಟ್ ಮಿಲಿಕನ್ ಇದನ್ನು ನಂಬಲಿಲ್ಲ. ತಪ್ಪು ಅಂತ ತೋರಿಸಲು ವರ್ಷಗಟ್ಟಲೆ ಪ್ರಯೋಗ ಮಾಡಿದರು. 1916ರಲ್ಲಿ ಅವರ ಅಳತೆಗಳೇ ಐನ್‌ಸ್ಟೈನ್ ಸೂತ್ರಕ್ಕೆ ಸರಿಹೋದವು. ಅನುಮಾನ ಪಟ್ಟವರೇ ಪುರಾವೆ ತಂದುಕೊಟ್ಟ ಕತೆ ಇದು. ಮಕ್ಕಳಿಗೆ ಇದನ್ನು ಹೇಳಿದಾಗ ಅವರ ಮುಖ ನೋಡಬೇಕು.

ಇದನ್ನೆಲ್ಲ ಈಗ ಬರೆಯುವುದಕ್ಕೆ ಕಾರಣ ಇದೆ. ಈಗ ಎಲ್ಲಿ ನೋಡಿದರೂ ಕ್ವಾಂಟಮ್, ಅಂದರೆ ಫೋಟಾನ್, ಪರಮಾಣುವಿನಂಥ ಅತಿ ಚಿಕ್ಕವುಗಳ ವಿಜ್ಞಾನದ ಮಾತೇ. 2025ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಕ್ವಾಂಟಮ್ ವರ್ಷ ಅಂತ ಘೋಷಿಸಿತು. 1925ರಲ್ಲಿ ಜರ್ಮನಿಯ ವಿಜ್ಞಾನಿ ಹೈಸನ್‌ಬರ್ಗ್ ಹೂವಿನ ಪರಾಗದ ಅಲರ್ಜಿ ತಾಳಲಾರದೆ ಹೆಲ್ಗೊಲ್ಯಾಂಡ್ ಅನ್ನುವ ದ್ವೀಪಕ್ಕೆ ಹೋಗಿ, ಅಲ್ಲಿ ಹೊಸ ಲೆಕ್ಕದ ದಾರಿ ಕಂಡುಕೊಂಡು ನೂರು ವರ್ಷ ಆಯಿತು ಅಂತ. ನಮ್ಮ ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲೇ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ. 6,003 ಕೋಟಿ ರೂಪಾಯಿ, 2031ರವರೆಗೆ. ಕ್ವಾಂಟಮ್ ಕಂಪ್ಯೂಟಿಂಗ್‌ನ ಹಬ್ ಬೆಂಗಳೂರಿನ ಐಐಎಸ್‌ಸಿಯಲ್ಲೇ ಇದೆ. ನನಗೆ ಇದು ನಿಜವಾಗಿಯೂ ಹೆಮ್ಮೆ. ದುಡ್ಡು ಬೇಕು, ಲ್ಯಾಬು ಬೇಕು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಒಂದು ಸಂಕಟ ಇದೆ. ಸಂಶೋಧನೆ ಮತ್ತು ಪಾಠ ಎರಡನ್ನೂ ನಾವು ಬೇರೆ ಬೇರೆ ಮನೆಯಲ್ಲಿ ಇಟ್ಟಿದ್ದೇವೆ. ಸ್ವಾತಂತ್ರ್ಯ ಬಂದ ಮೇಲೆ ಒಳ್ಳೆಯ ಸಂಶೋಧನೆ ಹೆಚ್ಚಾಗಿ ದೊಡ್ಡ ಸಂಸ್ಥೆಗಳಿಗೆ ಹೋಯಿತು. ಅಲ್ಲಿ ಡಿಗ್ರಿ ಮಕ್ಕಳೇ ಇರಲಿಲ್ಲ. ಡಿಗ್ರಿ ಮಕ್ಕಳು ಕಾಲೇಜುಗಳಲ್ಲಿ ಉಳಿದರು. ಅಲ್ಲಿ ಸಂಶೋಧನೆಯೇ ಇರಲಿಲ್ಲ. ಐಐಎಸ್‌ಸಿ ಶುರುವಾಗಿದ್ದು 1909ರಲ್ಲಿ, ಅಲ್ಲಿ ಪಿಯುಸಿ ಮುಗಿಸಿದವರಿಗೆ ವಿಜ್ಞಾನದ ಡಿಗ್ರಿ ಕೋರ್ಸ್ ಬಂದಿದ್ದು 2011ರಲ್ಲಿ. ಅದಕ್ಕೂ ಮೊದಲು, 2006ರಿಂದ, ಐಸರ್ ಅನ್ನುವ, ಡಿಗ್ರಿ ಪಾಠ ಮತ್ತು ಸಂಶೋಧನೆ ಎರಡೂ ಇರುವ ಕೇಂದ್ರ ಸಂಸ್ಥೆಗಳು ಬಂದವು. ಇವೆಲ್ಲ ಒಳ್ಳೆಯ ಹೆಜ್ಜೆ. ಆದರೆ ಅಲ್ಲಿಗೆ ಸೇರುವ ಮಕ್ಕಳು ಬೆರಳೆಣಿಕೆಯಷ್ಟು. ಮಿಕ್ಕವರು ನಮ್ಮಂಥ ತಾಲ್ಲೂಕು ಕಾಲೇಜಿನಲ್ಲಿ ಕೂತು ಶ್ರೋಡಿಂಗರ್ ಸಮೀಕರಣವನ್ನು ಐದು ಮಾರ್ಕಿಗೆ ಬಾಯಿಪಾಠ ಮಾಡುತ್ತಿದ್ದಾರೆ.

ಪಾಠ ಬೇರೆ, ಸಂಶೋಧನೆ ಬೇರೆ ಅನ್ನುವವರಿಗೆ ನಾನು ಯಾವಾಗಲೂ ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸ್ ಕತೆ ಹೇಳುತ್ತೇನೆ. 1921ರಲ್ಲಿ ಅವರು ಹೊಸದಾಗಿ ಶುರುವಾದ ಢಾಕಾ ವಿಶ್ವವಿದ್ಯಾಲಯಕ್ಕೆ ರೀಡರ್ ಆಗಿ ಹೋದರು. ಪಿಎಚ್‌ಡಿ ಇರಲಿಲ್ಲ. ಎಂಎಸ್ಸಿ ಮಕ್ಕಳಿಗೆ ಪ್ಲಾಂಕ್ ಸೂತ್ರ, ಅಂದರೆ ಕಾದ ವಸ್ತು ಯಾವ ಬಣ್ಣದ ಬೆಳಕನ್ನು ಎಷ್ಟು ಸೂಸುತ್ತದೆ ಅಂತ ಹೇಳುವ ಸೂತ್ರ, ಪಾಠ ಮಾಡಬೇಕಿತ್ತು. ಪುಸ್ತಕದಲ್ಲಿದ್ದ ದಾರಿ ಅವರಿಗೆ ಸಮಾಧಾನ ತರಲಿಲ್ಲ. ಅರ್ಧ ದಾರಿ ಹಳೇ ಭೌತಶಾಸ್ತ್ರ, ಅರ್ಧ ದಾರಿ ಹೊಸದು. ತನಗೇ ಒಪ್ಪಿಗೆ ಇಲ್ಲದ್ದನ್ನು ಮಕ್ಕಳಿಗೆ ಹೇಗೆ ಹೇಳುವುದು? ಅವರು ಹೊಸ ದಾರಿ ಹುಡುಕಿದರು.

ಆ ದಾರಿಯ ಜೀವಾಳ ಇಷ್ಟು. ಎರಡು ನಾಣ್ಯ ಚಿಮ್ಮಿ. ಎರಡೂ ತಲೆ, ಎರಡೂ ಬಾಲ, ಮೊದಲನೆಯದು ತಲೆ ಎರಡನೆಯದು ಬಾಲ, ಮೊದಲನೆಯದು ಬಾಲ ಎರಡನೆಯದು ತಲೆ. ನಾಲ್ಕು ಬಗೆ. ನಾವು ಹೈಸ್ಕೂಲಿನಲ್ಲಿ ಕಲಿತಿದ್ದು ಇದೇ ಅಲ್ವಾ. ಆದರೆ ಎರಡು ಫೋಟಾನ್‌ಗಳಲ್ಲಿ ಇದು ಮೊದಲನೆಯದು, ಅದು ಎರಡನೆಯದು ಅಂತ ಗುರುತು ಹಚ್ಚಲು ಸಾಧ್ಯವೇ ಇಲ್ಲ. ನಮ್ಮ ಕಣ್ಣು ಸಾಲದು ಅಂತ ಅಲ್ಲ. ಅಲ್ಲಿ ಗುರುತೇ ಇಲ್ಲ. ಹಾಗಾಗಿ ಕೊನೆಯ ಎರಡು ಬಗೆ ಒಂದೇ ಆಗುತ್ತದೆ. ಒಟ್ಟು ಮೂರೇ ಬಗೆ. ಹೀಗೆ ಎಣಿಸಿದರೆ ಪ್ಲಾಂಕ್ ಸೂತ್ರ ತಾನಾಗಿ ಹೊರಬರುತ್ತದೆ. ಎಣಿಕೆ ಬದಲಾಗಿದ್ದಕ್ಕೆ ಜಗತ್ತು ಅರ್ಥವಾಯಿತು! ನನಗೆ ಇವತ್ತಿಗೂ ಈ ಜಾಗದಲ್ಲಿ ಮೈ ಜುಂ ಅನ್ನುತ್ತದೆ.

1924ರ ಜೂನ್ 4ರಂದು ಬೋಸ್ ಆ ಪುಟ್ಟ ಲೇಖನವನ್ನು ಐನ್‌ಸ್ಟೈನ್‌ಗೆ ಅಂಚೆಯಲ್ಲಿ ಕಳಿಸಿದರು. ಐನ್‌ಸ್ಟೈನ್ ತಾವೇ ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಿಸಿದರು. ಆ ಎಣಿಕೆಯನ್ನು ಐನ್‌ಸ್ಟೈನ್ ಪರಮಾಣುಗಳಿಗೂ ಹೊಂದಿಸಿ, ತುಂಬ ತಣ್ಣಗಾದರೆ ಅವು ಎಲ್ಲ ಒಂದೇ ಸ್ಥಿತಿಗೆ ಬಂದು ಕೂರುತ್ತವೆ ಅಂದರು. ಅದು ಕಣ್ಣಿಗೆ ಕಂಡಿದ್ದು 1995ರಲ್ಲಿ, ಅಮೆರಿಕದ ಬೌಲ್ಡರ್‌ನಲ್ಲಿ, ರುಬಿಡಿಯಮ್ ಪರಮಾಣುಗಳಲ್ಲಿ. ಎಪ್ಪತ್ತು ವರ್ಷದ ಈ ಬಳ್ಳಿಯ ಬೇರು ಎಲ್ಲಿದೆ? ಢಾಕಾದ ಒಂದು ಕ್ಲಾಸ್‌ರೂಮಿಗೆ ಮೇಷ್ಟ್ರು ಮಾಡಿಕೊಂಡ ತಯಾರಿಯಲ್ಲಿ.

ನಾನು ಓದುವಾಗ ನನಗೆ ಸಿಕ್ಕಿದ್ದು ಬೇರೆ. ಎಂಎಸ್ಸಿಯಲ್ಲಿ ಒಂದು ದಿನ ಎದ್ದು ನಿಂತು ಕೇಳಿದೆ: "ಸರ್, ಅಳೆಯುವ ಮೊದಲು ಎಲೆಕ್ಟ್ರಾನ್ ಎಲ್ಲಿರುತ್ತೆ?" ನಮ್ಮ ಮೇಷ್ಟ್ರು ಒಳ್ಳೆಯವರೇ. ಆದರೆ ಅವತ್ತು ಸಿಲಬಸ್ ಮುಗಿಸುವ ಆತುರದಲ್ಲಿದ್ದರು. "ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ" ಅಂದರು. ಕೂತೆ. ಮುಂದೆ ಎಷ್ಟೋ ತಿಂಗಳು ಯಾವ ಕ್ಲಾಸಿನಲ್ಲೂ ಏಳಲಿಲ್ಲ. ರ‍್ಯಾಂಕಿನ ಹತ್ತಿರ ಮಾರ್ಕ್ಸ್ ಬಂತು, ಆ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಎಷ್ಟೋ ವರ್ಷದ ಮೇಲೆ ತಿಳಿಯಿತು, ಅದು ದಡ್ಡ ಪ್ರಶ್ನೆ ಅಲ್ಲ ಅಂತ. ಭೌತವಿಜ್ಞಾನಿ ಜಾನ್ ಬೆಲ್ ಯುರೋಪಿನ ಸರ್ನ್ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ, ಬಿಡುವಿನಲ್ಲಿ ಇದೇ ಜಾತಿಯ ಪ್ರಶ್ನೆ ಹಿಡಿದು ಕೂತು 1964ರಲ್ಲಿ ಅದನ್ನು ಪ್ರಯೋಗ ಮಾಡಿ ನೋಡಬಹುದಾದ ರೂಪಕ್ಕೆ ತಂದರು. 1972ರಲ್ಲಿ ಬರ್ಕ್ಲಿಯಲ್ಲಿ ಜಾನ್ ಕ್ಲೌಸರ್ ಮತ್ತು ಸ್ಟುವರ್ಟ್ ಫ್ರೀಡ್‌ಮನ್ ಆ ಪ್ರಯೋಗ ಮಾಡಿದರು. ಆಗ ಇಂಥ ಪ್ರಶ್ನೆಗೆ ಬೆಲೆ ಇರಲಿಲ್ಲ. ಕ್ಲೌಸರ್‌ಗೆ ಇದರಿಂದ ಕೆಲಸ ಸಿಗುವುದೇ ಕಷ್ಟವಾಯಿತು. ಐವತ್ತು ವರ್ಷದ ಮೇಲೆ, 2022ರಲ್ಲಿ, ಅವರಿಗೂ ಅಲೈನ್ ಆಸ್ಪೆ ಮತ್ತು ಆಂಟನ್ ಜೈಲಿಂಗರ್ ಅವರಿಗೂ ನೊಬೆಲ್ ಬಂತು. ಇವತ್ತು ನಾವು ಕೋಟಿಗಟ್ಟಲೆ ಸುರಿಯುತ್ತಿರುವ ಕ್ವಾಂಟಮ್ ಸಂವಹನದ ಕೆಲಸದಲ್ಲಿ ಆ ಪ್ರಶ್ನೆಯ ಪಾಲು ದೊಡ್ಡದು. ನಮ್ಮ ಕ್ಲಾಸುಗಳಲ್ಲಿ ಅದೇ ಪ್ರಶ್ನೆಯನ್ನು ಇವತ್ತಿಗೂ ಕೂರಿಸುತ್ತಿದ್ದೇವೆ. ಇದು ನನಗೆ ನೋವು.

ಬೆಂಗಳೂರಿಗೆ ಸಂಬಂಧಿಸಿದ ಒಂದು ಸಂಗತಿ ಹೇಳಿಯೇ ಮುಂದೆ ಹೋಗುತ್ತೇನೆ. ಕ್ವಾಂಟಮ್ ಅಲೆಯ ಸೂತ್ರ ಕೊಡುವುದು ಕಣ ಎಲ್ಲಿ ಸಿಗಬಹುದು ಅನ್ನುವ ಸಂಭವನೀಯತೆಯನ್ನು ಅಂತ 1926ರಲ್ಲಿ ಹೇಳಿದ ಮ್ಯಾಕ್ಸ್ ಬಾರ್ನ್, ಹಿಟ್ಲರನ ಜರ್ಮನಿ ಬಿಟ್ಟ ಮೇಲೆ, ಸಿ.ವಿ. ರಾಮನ್ ಕರೆದರು ಅಂತ 1935ರಲ್ಲಿ ಐಐಎಸ್‌ಸಿಗೆ ಬಂದು ಕೆಲವು ತಿಂಗಳು ಇಲ್ಲಿದ್ದರು. ಅವರನ್ನು ಇಲ್ಲೇ ಉಳಿಸಿಕೊಳ್ಳಬೇಕು ಅನ್ನುವ ರಾಮನ್ ಆಸೆ ಕೈಗೂಡಲಿಲ್ಲ. 1936ರಲ್ಲಿ ಬಾರ್ನ್ ಎಡಿನ್‌ಬರೋಗೆ ಹೋದರು. ಉಳಿದಿದ್ದರೆ ಎಷ್ಟು ಜನ ಕನ್ನಡದ ಮಕ್ಕಳು ಅವರ ಮುಂದೆ ಕೂತು ಕಲಿಯುತ್ತಿದ್ದರೋ.

ಈಗ ಭಾಷೆಯ ವಿಷಯ. ಬೋಸ್ ಬಂಗಾಳಿಯಲ್ಲಿ ವಿಜ್ಞಾನ ಹೇಳಬೇಕು ಅಂತ ಕೊನೆಯವರೆಗೂ ಹಟ ಹಿಡಿದವರು. ಅದಕ್ಕಾಗಿಯೇ 1948ರಲ್ಲಿ ಕಲ್ಕತ್ತಾದಲ್ಲಿ ಒಂದು ಪರಿಷತ್ತು ಕಟ್ಟಿದರು, ಪತ್ರಿಕೆ ತಂದರು. ನಮ್ಮಲ್ಲಿ ಕನ್ನಡದಲ್ಲಿ ಕ್ವಾಂಟಮ್ ಅಂದ ಕೂಡಲೇ ಚರ್ಚೆ ಪಾರಿಭಾಷಿಕ ಪದಕ್ಕೆ ಹೋಗಿ ನಿಲ್ಲುತ್ತದೆ. ಕ್ವಾಂಟಮ್ ಅನ್ನಬೇಕಾ, ಶಕಲ ಅನ್ನಬೇಕಾ? ನನ್ನ ಅಭಿಪ್ರಾಯ ಸ್ಪಷ್ಟ. ಕ್ವಾಂಟಮ್ ಅನ್ನಿ, ಫೋಟಾನ್ ಅನ್ನಿ, ಸ್ಪಿನ್ ಅನ್ನಿ. ಬಸ್ಸು, ಬ್ಯಾಂಕು ಅಂದ ಹಾಗೆ. ಕನ್ನಡ ಬೇಕಾಗಿರುವುದು ವಾಕ್ಯದಲ್ಲಿ, ಯೋಚನೆಯಲ್ಲಿ. ಅಟ್ಟದ ಡಬ್ಬದ ಹುಡುಗಿ ಪಿಯುಸಿವರೆಗೆ ಕನ್ನಡದಲ್ಲಿ ಮಾತಾಡುತ್ತಾ ಬಂದವಳು, ಇಂಗ್ಲಿಷ್ ನೋಟ್ಸ್ ಮುಂದೆ ಇಟ್ಟರೆ ಬಾಯಿ ಬಿಡುವುದಿಲ್ಲ. ಅವತ್ತು ಬಾಯಿ ಬಿಟ್ಟಿದ್ದು ಅವಳಿಗೆ ಅವಳ ಮನೆಯ ಅಟ್ಟ ನೆನಪಾಗಿದ್ದಕ್ಕೆ.

ಇನ್ನೊಂದು ಕಾರಣವೂ ಇದೆ. ನಾವು ಕನ್ನಡದಲ್ಲಿ ಹೇಳದೆ ಬಿಟ್ಟ ಜಾಗಕ್ಕೆ ಬೇರೆಯವರು ಬಂದು ಕೂತಿದ್ದಾರೆ. ಕ್ವಾಂಟಮ್ ನೀರು, ಕ್ವಾಂಟಮ್ ಬಳೆ, ಮಂಡಿನೋವಿಗೆ ಕ್ವಾಂಟಮ್ ಚಿಕಿತ್ಸೆ. ಎಲ್ಲ ಅಚ್ಚಗನ್ನಡದಲ್ಲಿ ವಾಟ್ಸಾಪಿಗೆ ಬರುತ್ತದೆ. ನಮ್ಮ ಹತ್ತಿರದ ಸಂಬಂಧಿಕರೊಬ್ಬರು ಪೆನ್ಷನ್ ದುಡ್ಡು ಕೊಟ್ಟು ಅಂಥದ್ದೊಂದು ಪದಕ ಕೊಂಡು ಕೊರಳಿಗೆ ಹಾಕಿಕೊಂಡಿದ್ದರು. "ನೀನು ಓದಿರೋ ಸಬ್ಜೆಕ್ಟೇ ಅಲ್ವಾ ಇದು?" ಅಂತ ನನ್ನನ್ನು ಕೇಳಿದರು. ಅವರ ಮೇಲೆ ಸಿಟ್ಟು ಬರಲಿಲ್ಲ. ಅವರಿಗೆ ಅರ್ಥವಾಗುವ ಹಾಗೆ ನಾನು ಇಷ್ಟು ವರ್ಷ ಏನನ್ನೂ ಹೇಳಿರಲಿಲ್ಲವಲ್ಲ.

ನಾನು ಕೇಳುವುದು ತುಂಬ ದೊಡ್ಡದೇನಲ್ಲ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕ್ವಾಂಟಮ್ ಕೋರ್ಸ್ ಬರುತ್ತಿವೆ, ಸಂತೋಷ. ಬಿಎಸ್ಸಿಯ ಮಕ್ಕಳನ್ನು ಮರೆಯಬೇಡಿ. ದೊಡ್ಡ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿರುವ ಹುಡುಗ ಹುಡುಗಿಯರು ವರ್ಷಕ್ಕೆ ಒಂದು ವಾರ ತಮ್ಮ ಊರಿನ ಕಾಲೇಜಿಗೆ ಬಂದು ಪಾಠ ಮಾಡಲಿ. ಅದನ್ನು ಅವರ ಕೆಲಸ ಅಂತಲೇ ಲೆಕ್ಕಕ್ಕೆ ಹಿಡಿಯಲಿ. ಕಾಲೇಜು ಮೇಷ್ಟ್ರುಗಳಿಗೆ ಬೇಸಿಗೆಯಲ್ಲಿ ಲ್ಯಾಬಿನ ಬಾಗಿಲು ತೆರೆಯಲಿ. ಮೌಲ್ಯಮಾಪನ, ಪೋರ್ಟಲ್‌ಗೆ ಮಾಹಿತಿ ತುಂಬುವುದು, ಇವುಗಳ ನಡುವೆ ಪುಸ್ತಕ ಬಿಡಿಸಲು ಹೊತ್ತೇ ಇಲ್ಲದ ಮೇಷ್ಟ್ರು, ಬೋಸ್ ಹಾಗೆ ಪಾಠದ ಮುಂದೆ ತಡೆದು ನಿಲ್ಲುವುದು ಹೇಗೆ?

ಉಪಕರಣ ಇಲ್ಲ ಅನ್ನುವ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪುವುದಿಲ್ಲ. ಬೆಳಕಿನ ಕಂಪನಾಂಕವನ್ನು ಯಾವ ಸಂಖ್ಯೆಯಿಂದ ಗುಣಿಸಿದರೆ ಒಂದು ಫೋಟಾನಿನ ಶಕ್ತಿ ಸಿಗುತ್ತದೋ ಅದೇ ಪ್ಲಾಂಕ್ ಸ್ಥಿರಾಂಕ. ಅದನ್ನು ಅಗ್ಗದ ಸಾಮಾನಿನಲ್ಲೇ ಅಳೆಯಬಹುದು. ಬಣ್ಣ ಬಣ್ಣದ ಎಲ್‌ಇಡಿ, ಮೂರು ಪೆನ್ಸಿಲ್ ಸೆಲ್, ಒಂದು ರೆಸಿಸ್ಟರ್, ವೋಲ್ಟೇಜ್ ಏರಿಸಲು ತಿರುಗಿಸುವ ಒಂದು ನಾಬ್, ಒಂದು ಮಲ್ಟಿಮೀಟರ್. ಕಪ್ಪು ಕಾಗದವನ್ನು ಕೊಳವೆ ಥರ ಸುತ್ತಿ, ಅದರೊಳಗೆ ಒಂದು ಕಣ್ಣಿಟ್ಟು ನೋಡುತ್ತಾ ನಿಧಾನಕ್ಕೆ ನಾಬ್ ತಿರುಗಿಸಬೇಕು. ಬೆಳಕು ಇನ್ನೇನು ಮೂಡಿತು ಅನ್ನುವಾಗ ನಿಲ್ಲಿಸಿ ಎಲ್‌ಇಡಿಯ ವೋಲ್ಟೇಜ್ ಬರೆದುಕೊಳ್ಳಬೇಕು. ನಮ್ಮ ಮಕ್ಕಳಿಗೆ ಕೆಂಪಿಗೆ 1.7, ನೀಲಿಗೆ 2.5 ವೋಲ್ಟ್ ಹತ್ತಿರ ಬಂತು. ಆ ವೋಲ್ಟನ್ನು ಎಲೆಕ್ಟ್ರಾನಿನ ವಿದ್ಯುದಾವೇಶದಿಂದ (ಚಾರ್ಜ್), ಬೆಳಕಿನ ಅಲೆಯ ಉದ್ದದಿಂದ ಗುಣಿಸಿ ಬೆಳಕಿನ ವೇಗದಿಂದ ಭಾಗಿಸಿದರೆ ಆಯಿತು. ನೀಲಿಯಿಂದ 6.2 ಬಂತು, ಕೆಂಪಿನಿಂದ 5.7. ಮುಂದೆ ಹತ್ತರ ಘಾತ ಮೈನಸ್ 34. ಪುಸ್ತಕದಲ್ಲಿರುವುದು 6.626. ಒರಟು ಅಳತೆ, ನಿಜ. ಆದರೆ ಬ್ರಹ್ಮಾಂಡದ ಒಂದು ಸಂಖ್ಯೆ ಕಾಗದದ ಕೊಳವೆಯಲ್ಲಿ ಸಿಕ್ಕಿತಲ್ಲ! ಯಾಕೆ ಕಮ್ಮಿ ಬಂತು ಅಂತ ಹುಡುಗರು ಊಟ ಬಿಟ್ಟು ವಾದ ಮಾಡಿದರು. ಅದೇ ಸಂಶೋಧನೆ ಅಲ್ವಾ.

ಅವತ್ತೇ ಅವರಿಗೆ ಇನ್ನೊಂದು ಹೇಳಿದೆ. ಕಿಲೋಗ್ರಾಂ ಅಂದರೆ ಎಷ್ಟು ಅಂತ ತಿಳಿಯಲು ಮೊದಲು ಪ್ಯಾರಿಸ್ ಹತ್ತಿರ ಇಟ್ಟಿದ್ದ ಒಂದು ಲೋಹದ ಸಿಲಿಂಡರ್ ಬೇಕಿತ್ತು. 2019ರ ಮೇ 20ರಿಂದ ಅದು ಬೇಡ. ಈ ಪ್ಲಾಂಕ್ ಸ್ಥಿರಾಂಕವನ್ನೇ ಆಧಾರ ಮಾಡಿಕೊಂಡಿದ್ದಾರೆ. ಅಂದರೆ ನಮ್ಮ ಸಂತೆಯಲ್ಲಿ ಒಂದು ಕೆಜಿ ಈರುಳ್ಳಿ ತೂಗುವಾಗ ಅದರ ಹಿಂದೆ ಕ್ವಾಂಟಮ್ ಇದೆ. ತರಕಾರಿ ಅಂಗಡಿಯವರ ಮಗ ಒಬ್ಬ ಆ ಕ್ಲಾಸಿನಲ್ಲಿದ್ದಾನೆ. "ಸರ್, ಇದನ್ನ ಅಪ್ಪಂಗೆ ಹೇಳ್ತೀನಿ" ಅಂದ. ಮಾರನೇ ದಿನ ಕೇಳಿದೆ. ಹೇಳಿದ್ದನಂತೆ. ಅಪ್ಪ ತಕ್ಕಡಿ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರಂತೆ.

ಬರುವ ಶನಿವಾರ ಮಧ್ಯಾಹ್ನ ಎರಡಕ್ಕೆ ಎಲ್‌ಇಡಿ ಪ್ರಯೋಗವನ್ನು ಪಕ್ಕದ ಹೈಸ್ಕೂಲಿನ ಮಕ್ಕಳಿಗೂ ಮಾಡಿಸುತ್ತಿದ್ದೇವೆ. ನಮ್ಮ ಬಿಎಸ್ಸಿ ಮಕ್ಕಳೇ ಕಲಿಸುತ್ತಾರೆ, ಕನ್ನಡದಲ್ಲೇ. ನಮ್ಮಲ್ಲಿ ಮಲ್ಟಿಮೀಟರ್ ಇರುವುದು ನಾಲ್ಕು, ಬರುವ ಮಕ್ಕಳು ಅರವತ್ತು. ಮನೆಯಲ್ಲಿ ಸುಮ್ಮನೆ ಬಿದ್ದಿರುವ ಮಲ್ಟಿಮೀಟರ್ ಇದ್ದರೆ ಇನ್‌ಬಾಕ್ಸ್‌ಗೆ ತಿಳಿಸಿ. ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ, ಸೋಮವಾರ ವಾಪಸ್ ತಂದು ಕೊಡುತ್ತೇನೆ.